ಮಲೆನಾಡಿನ ಮನೆಗೆ 24 ವೋಲ್ಟಿನ ಸೋಲಾರ್: ನಾನು ಜೋಡಿಸುವ ಬಗೆ, ಕೆಟ್ಟಾಗ ಹುಡುಕುವ ಬಗೆ

ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಮನೆಗೆ ಸೋಲಾರ್ ಹಾಕುವಾಗ ಬಯಲುಸೀಮೆಯ ಲೆಕ್ಕ ಹಿಡಿದು ಹೊರಟರೆ ಜೂನ್ ಬರುತ್ತಿದ್ದಂತೆ ಬ್ಯಾಟರಿ ಮಲಗುತ್ತದೆ. ಇಲ್ಲಿ ಕರೆಂಟ್ ಹೆಚ್ಚು ಹೋಗುವುದೂ ಬಿಸಿಲು ಕಾಣದಿರುವುದೂ ಒಂದೇ ತಿಂಗಳುಗಳಲ್ಲಿ. ಮರ ಬಿದ್ದು ಲೈನ್ ಹರಿದರೆ ಸರಿಯಾಗಲು ದಿನಗಟ್ಟಲೆ ಬೇಕು. ಅದಕ್ಕೇ ನಾನು ಜೋಡಿಸುವ ಎಲ್ಲ ಸಿಸ್ಟಂಗಳಲ್ಲೂ ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಮಳೆಗಾಲದಲ್ಲಿ ಈ ಬ್ಯಾಟರಿ ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬುತ್ತದೆಯೇ?

ಮೊದಲೇ ಒಂದು ಗೊಂದಲ ಬಗೆಹರಿಸಿಕೊಳ್ಳಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಸಿಗುವುದು ಗ್ರಿಡ್‌ಗೆ ಸೇರಿಸಿದ ಪ್ಯಾನೆಲ್‌ಗೆ. ಬ್ಯಾಟರಿ ಇಲ್ಲದ ಆನ್-ಗ್ರಿಡ್ ಇನ್ವರ್ಟರ್ ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಬಿಲ್ ಇಳಿಸಲು ಅದು ಚೆನ್ನಾಗಿದೆ. ಕತ್ತಲಲ್ಲಿ ದೀಪ ಬೇಕೆಂದರೆ ಬ್ಯಾಟರಿ ಬೇಕೇ ಬೇಕು.

ಇನ್ನು ಲೆಕ್ಕ. ಒಂಬತ್ತು ವ್ಯಾಟಿನ ಎಂಟು ಎಲ್ಇಡಿ ಐದು ಗಂಟೆ ಉರಿದರೆ 360 ವ್ಯಾಟ್-ಅವರ್. ಮೂವತ್ತು ವ್ಯಾಟಿನ ಮೂರು ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆಗೆ 720. ವೈಫೈ ರೂಟರ್ ಹನ್ನೆರಡು ವ್ಯಾಟ್ ಅಂದರೂ ದಿನವಿಡೀ ಉರಿಯುವುದರಿಂದ 288. ಟಿವಿ ಮೂರು ಗಂಟೆಗೆ 180, ಮೊಬೈಲ್ ಮತ್ತು ಲ್ಯಾಪ್‌ಟಾಪ್‌ಗೆ 150. ಒಟ್ಟು ಸುಮಾರು 1.7 ಯೂನಿಟ್. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಇನ್ವರ್ಟರ್ ತಾನೇ ತಿನ್ನುವುದನ್ನು ಬರೆಯುವವರು ಕಡಿಮೆ. ಏನೂ ಲೋಡ್ ಇಲ್ಲದಿದ್ದರೂ ಅದು 25 ವ್ಯಾಟಿನಷ್ಟು ಎಳೆಯುತ್ತದೆ, ದಿನಕ್ಕೆ 0.6 ಯೂನಿಟ್. ಅಂದರೆ ರೂಟರ್ ಮತ್ತು ಟಿವಿ ಎರಡೂ ಸೇರಿ ತಿನ್ನುವುದಕ್ಕಿಂತ ಹೆಚ್ಚು. ಬೇಕಾದ್ದು 2.3 ಯೂನಿಟ್ ಎಂದು ಹಿಡಿಯಿರಿ.

ಇದರಲ್ಲಿ ಬ್ಯಾಟರಿಯಿಂದ ರಾತ್ರಿ ಹೋಗುವುದು 1.3 ಯೂನಿಟ್. ಇನ್ವರ್ಟರಿನ ದಕ್ಷತೆ 85 ಶೇಕಡಾ ಎಂದರೆ ಬ್ಯಾಟರಿ 1.5 ಕೊಡಬೇಕು, ಇನ್ವರ್ಟರಿನ ಸ್ವಂತ ಖರ್ಚು 0.3 ಸೇರಿ 1.8. ಹನ್ನೆರಡು ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಎರಡು ಸೀರೀಸ್‌ನಲ್ಲಿದ್ದರೆ 3.6 ಯೂನಿಟ್, ಅರ್ಧ ಮಾತ್ರ ಬಳಸಿದರೆ ಸರಿಯಾಗಿ 1.8. ಕೊಳ್ಳುವಾಗ ಲೇಬಲ್ ಮೇಲೆ ಸಿ10 ಎಂದಿರಬೇಕು, ಅಂದರೆ ಹತ್ತು ಗಂಟೆಯಲ್ಲಿ ಖಾಲಿ ಮಾಡಿ ಅಳೆದ ಸಾಮರ್ಥ್ಯ. ಸಿ20 ಎಂದು ಬರೆದ 150 ಎಎಚ್ ಬ್ಯಾಟರಿ ಹತ್ತು ಗಂಟೆಯಲ್ಲಿ ಖಾಲಿ ಮಾಡಿದರೆ 150 ಕೊಡುವುದಿಲ್ಲ. ಬೆಲೆ ಕಡಿಮೆ ಇರುವುದು ಅದಕ್ಕೇ. ಫ್ರಿಜ್ ಮತ್ತು ಒಂದು ಎಚ್‌ಪಿ ಪಂಪ್ ಈ ಲೆಕ್ಕದಲ್ಲಿ ಇಲ್ಲ, ಇನ್ವರ್ಟರ್ ಲೈನಿಗೆ ಸೇರಿಸಲೂಬೇಡಿ. ಪಂಪ್ ಶುರುವಾಗುವ ಕ್ಷಣ ಮಾಮೂಲಿನ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ.

ಪ್ಯಾನೆಲ್ 550 ವ್ಯಾಟಿನ ಮೊನೊ ಎರಡು. ಬಿಸಿಲಿನ ದಿನ ಬ್ಯಾಟರಿಯ ನಷ್ಟ ಕಳೆದು ಮೂರು ಯೂನಿಟ್‌ಗಿಂತ ಸ್ವಲ್ಪ ಮೇಲೆ ಕೈಗೆ ಸಿಗುತ್ತದೆ. ಪ್ಯಾನೆಲ್ ಜೊತೆ ಎಂಪಿಪಿಟಿ (ಪ್ಯಾನೆಲಿನಿಂದ ಗರಿಷ್ಠ ಶಕ್ತಿ ತೆಗೆಯುವ ಚಾರ್ಜರ್) ಇರುವ ಇನ್ವರ್ಟರೇ ಬೇಕು. ಪಿಡಬ್ಲ್ಯುಎಂ ಚಾರ್ಜರ್ ಪ್ಯಾನೆಲನ್ನು ಬ್ಯಾಟರಿ ವೋಲ್ಟೇಜಿಗೆ ಎಳೆದು ಇಳಿಸುತ್ತದೆ. 41 ವೋಲ್ಟ್ ಮತ್ತು 13 ಆಂಪಿಯರ್ ಕೊಡಬೇಕಾದ ಪ್ಯಾನೆಲ್ 27 ವೋಲ್ಟಿನಲ್ಲಿ ಅದೇ 13 ಆಂಪಿಯರ್ ಕೊಡುತ್ತದೆ. ಮೂರನೇ ಒಂದು ಭಾಗ ಹೋಯಿತು.

ಎರಡು ಪ್ಯಾನೆಲ್ ಸೀರೀಸೋ ಪ್ಯಾರಲಲ್ಲೋ? ಹಂಚಿನ ಮಾಡಿನ ಮೇಲೆ ಪ್ಯಾನೆಲ್ ಏರಿಸುವುದಕ್ಕಿಂತ ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ ಜಿಐ ಸ್ಟ್ಯಾಂಡ್ ಹಾಕುವುದನ್ನೇ ನಾನು ಇಷ್ಟಪಡುತ್ತೇನೆ. ಹಿರಿಯರು ಬಿಸಿಲು ನೋಡಿಯೇ ಅಂಗಳ ಮಾಡಿದ್ದು. ಮರದ ನೆರಳು ಅಲ್ಲಿ ಕಡಿಮೆ, ಒರೆಸಲೂ ಸುಲಭ, ಹಂಚು ಒಡೆದು ಸೋರುವ ತೊಂದರೆಯೂ ಇಲ್ಲ. ಆದರೆ ಅಲ್ಲಿಂದ ಇನ್ವರ್ಟರ್‌ಗೆ 25 ಮೀಟರ್ ಎನ್ನಿ, ಹೋಗಿ ಬರುವ ತಂತಿ 50 ಮೀಟರ್. ನಾಲ್ಕು ಸ್ಕ್ವೇರ್ ಎಂಎಂ ತಾಮ್ರಕ್ಕೆ ಮೀಟರಿಗೆ ಸುಮಾರು 0.005 ಓಮ್, ಒಟ್ಟು 0.25 ಓಮ್. ಪ್ಯಾರಲಲ್ ಮಾಡಿದರೆ 26 ಆಂಪಿಯರ್ ಹರಿದು 6.5 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಅದೂ 41ರಲ್ಲಿ. ಸೀರೀಸ್ ಮಾಡಿದರೆ 13 ಆಂಪಿಯರ್, 83 ವೋಲ್ಟಿನಲ್ಲಿ ಹೋಗುವುದು 3.3 ಮಾತ್ರ. ಹಾಗಾಗಿ ಸೀರೀಸ್, ತಂತಿ ಆರು ಸ್ಕ್ವೇರ್ ಎಂಎಂ.

ಸೀರೀಸ್‌ನಲ್ಲಿ ಒಂದು ಅಪಾಯ ಇದೆ, ಇದನ್ನು ನಿಧಾನವಾಗಿ ಓದಿ. ಪ್ಯಾನೆಲಿನ ಹಿಂದಿನ ಸ್ಟಿಕ್ಕರಿನಲ್ಲಿ ವಿಒಸಿ (ಲೋಡ್ ಇಲ್ಲದಾಗಿನ ವೋಲ್ಟೇಜ್) 49.8 ಎಂದಿದ್ದರೆ ಎರಡಕ್ಕೆ 99.6. ಚಾರ್ಜರಿನ ಮಿತಿ 100 ವೋಲ್ಟ್, ಸಾಕಲ್ಲ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಸ್ಟಿಕ್ಕರಿನ ಅಂಕಿ 25 ಡಿಗ್ರಿಗೆ. ಸೆಲ್ ತಣ್ಣಗಾದಂತೆ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು 0.27 ಶೇಕಡಾ. ಡಿಸೆಂಬರ್‌ನ ಬೆಳಗ್ಗೆ 12 ಡಿಗ್ರಿ ಇದ್ದಾಗ ಮಂಜು ಹರಿದು ಬಿಸಿಲು ಬಿದ್ದರೆ 103 ವೋಲ್ಟ್ ದಾಟುತ್ತದೆ. 100 ವೋಲ್ಟಿನ ಚಾರ್ಜರ್ ಅಲ್ಲಿಗೆ ಮುಗಿಯಿತು, ಮತ್ತು ಮಿತಿ ಮೀರಿದ ವೋಲ್ಟೇಜಿಗೆ ವಾರಂಟಿ ಸಿಗುವುದು ಕಷ್ಟ. ಸೋಲಾರ್ ಇನ್‌ಪುಟ್ 145-150 ವೋಲ್ಟ್ ತಡೆಯುವ ಮಾಡೆಲನ್ನೇ ತೆಗೆದುಕೊಳ್ಳಿ.

ಇಳಿಜಾರು ಎಷ್ಟು? ನಮ್ಮ ಅಕ್ಷಾಂಶ 13-14 ಡಿಗ್ರಿ, ಪುಸ್ತಕದ ಉತ್ತರವೂ ಅಷ್ಟೇ. ನಾನು 18-20 ಡಿಗ್ರಿ ಇಡುತ್ತೇನೆ. ಸೂರ್ಯ ಉತ್ತರಕ್ಕೆ ವಾಲಿರುವ ಜೂನ್, ಜುಲೈನಲ್ಲಿ ಇಲ್ಲಿ ಮೋಡವೇ ತುಂಬಿರುತ್ತದೆ. ನಮಗೆ ಬಿಸಿಲು ಸಿಗುವ ತಿಂಗಳುಗಳಲ್ಲಿ ಹೆಚ್ಚಿನವು ಸೂರ್ಯ ದಕ್ಷಿಣಕ್ಕೆ ವಾಲಿರುವವು. ಜೊತೆಗೆ ಕೆಳ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುವುದು ಕಡಿಮೆಯಾಗುತ್ತದೆ. ಅಡಿಕೆ ಸೋಗೆಯ ನೆರಳು ಒಂದು ಸೆಲ್ ಮೇಲೆ ಬಿದ್ದರೂ ಬೈಪಾಸ್ ಡಯೋಡ್ ಪ್ಯಾನೆಲಿನ ಮೂರನೇ ಒಂದು ಭಾಗವನ್ನೇ ಬಿಟ್ಟು ಹಾಯುತ್ತದೆ, ಹಾಗಾಗಿ ಬೆಳಗ್ಗೆ ಒಂಬತ್ತರಿಂದ ಮೂರರವರೆಗೆ ನೆರಳು ಎಲ್ಲೆಲ್ಲಿ ಹರಿಯುತ್ತದೆಂದು ನೋಡಿಯೇ ಕಂಬ ಹೂಳಿ.

ಅರ್ಥಿಂಗ್ ವಿಷಯದಲ್ಲಿ ನಮ್ಮ ಜಂಬಿಟ್ಟಿಗೆ ನೆಲ ಮೋಸ ಮಾಡುತ್ತದೆ. ಗುಡುಗು-ಸಿಡಿಲು ಜೋರಿರುವ ಏಪ್ರಿಲ್-ಮೇ ಹೊತ್ತಿಗೆ ಅದು ಪೂರ್ತಿ ಒಣಗಿರುತ್ತದೆ. ಬಚ್ಚಲ ನೀರು ಹರಿಯುವ ಕಡೆ ಮೂರು ಮೀಟರ್ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ. ಪ್ಯಾನೆಲ್ ಫ್ರೇಮಿನ ಅಲ್ಯೂಮಿನಿಯಂ ಮೇಲೆ ಆನೊಡೈಸ್ ಪದರ ಇದೆ, ತಂತಿ ಸುಮ್ಮನೆ ಒತ್ತಿ ಬಿಗಿದರೆ ಸಂಪರ್ಕವೇ ಆಗಿರುವುದಿಲ್ಲ. ಹಲ್ಲಿನ ವಾಷರ್ ಹಾಕಿ ಪದರ ಕೆರೆದು ಬಿಗಿಯಬೇಕು. ಪ್ಯಾನೆಲಿನ ಅರ್ಥ್ ಪಿಟ್ ಬೇರೆಯಿದ್ದರೂ ಮನೆಯ ಅರ್ಥ್‌ಗೆ ತಂತಿ ಎಳೆದು ಸೇರಿಸಿ. ಎರಡೂ ಬಿಡಿಬಿಡಿಯಾಗಿದ್ದರೆ ಹತ್ತಿರದಲ್ಲಿ ಸಿಡಿಲು ಬಿದ್ದಾಗ ಅವುಗಳ ನಡುವಿನ ವೋಲ್ಟೇಜ್ ಇನ್ವರ್ಟರ್ ಮೂಲಕ ಹಾಯುತ್ತದೆ. ಡಿಸಿ ಬಾಕ್ಸಿನಲ್ಲಿ ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಎಸ್‌ಪಿಡಿ ಮತ್ತು ಡಿಸಿ ಎಂಸಿಬಿ ಇರಲಿ. ಎಸಿ ಎಂಸಿಬಿಯನ್ನು ಅಲ್ಲಿ ಹಾಕಬೇಡಿ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಒಳಗೇ ಉರಿದು ಸ್ವಿಚ್ ಕರಗುತ್ತದೆ.

ಬ್ಯಾಟರಿಯಿಂದ ಇನ್ವರ್ಟರ್‌ಗೆ 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಉದ್ದ ಒಂದೂವರೆ ಮೀಟರ್ ಒಳಗೆ. ಎರಡು ಕೆವಿಎ ಇನ್ವರ್ಟರ್ ಪೂರ್ತಿ ಲೋಡಿನಲ್ಲಿ, ಬ್ಯಾಟರಿ 22 ವೋಲ್ಟಿಗೆ ಇಳಿದಾಗ, 85 ಆಂಪಿಯರ್ ಎಳೆಯುತ್ತದೆ. ಕೇಬಲಿನ ತುದಿಯ ಲಗ್ಗನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡದೆ ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿಸಿ. ಪಾಸಿಟಿವ್ ಕೇಬಲಿಗೆ 125 ಆಂಪಿಯರ್ ಫ್ಯೂಸ್ ಇರಲಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿ ಇಲ್ಲದೆ ಪ್ಯಾನೆಲ್ ಕೊಟ್ಟರೆ ಬಹಳಷ್ಟು ಚಾರ್ಜರ್‌ಗಳು ಸಿಸ್ಟಂ ವೋಲ್ಟೇಜ್ ತಪ್ಪಾಗಿ ಗುರುತಿಸುತ್ತವೆ ಅಥವಾ ಕೆಡುತ್ತವೆ. ಕೊನೆಯ ಸಂಪರ್ಕ ಕೊಡುವಾಗ ಒಂದು ಕಿಡಿ ಹಾರುತ್ತದೆ, ಇನ್ವರ್ಟರ್ ಒಳಗಿನ ಕೆಪಾಸಿಟರ್ ತುಂಬುವ ಕಿಡಿ ಅದು. ಬ್ಯಾಟರಿ ಟರ್ಮಿನಲಿನ ಹತ್ತಿರ ಹೈಡ್ರೋಜನ್ ಇರುವುದರಿಂದ ಆ ಸಂಪರ್ಕವನ್ನು ದೂರದಲ್ಲಿರುವ ಫ್ಯೂಸ್ ಹೋಲ್ಡರಿನಲ್ಲೇ ಕೊಡಿ.

ಸೆಟ್ಟಿಂಗ್: ಬೂಸ್ಟ್ (ತುಂಬಿಸುವ ವೋಲ್ಟೇಜ್) 28.8 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವುದು) 27.2, ಚಾರ್ಜಿಂಗ್ ಕರೆಂಟ್ ಗರಿಷ್ಠ 30 ಆಂಪಿಯರ್, ಕಟ್-ಆಫ್ (ಇನ್ವರ್ಟರ್ ನಿಲ್ಲುವ ಮಟ್ಟ) 23.2ರ ಸುಮಾರು. ಬಹಳ ಇನ್ವರ್ಟರ್‌ಗಳು 21ರವರೆಗೆ ಇಳಿಯಲು ಬಿಡುತ್ತವೆ, ದಿನವೂ ಅಷ್ಟು ಇಳಿದರೆ ಬ್ಯಾಟರಿಯ ಆಯಸ್ಸು ಅರ್ಧಕ್ಕೆ ಬರುತ್ತದೆ.

ದೂರುಗಳಲ್ಲಿ ಮೊದಲನೆಯದು, "ಪ್ಯಾನೆಲ್ ಹಾಕಿದರೂ ಬಿಲ್ ಇಳಿದಿಲ್ಲ". ಹೆಚ್ಚಿನ ಸಲ ಪ್ಯಾನೆಲಿನಲ್ಲಿ ಏನೂ ದೋಷವಿರುವುದಿಲ್ಲ. ಇನ್ವರ್ಟರ್ ಗ್ರಿಡ್ ಚಾರ್ಜಿಂಗ್‌ನಲ್ಲಿರುತ್ತದೆ, ರಾತ್ರಿಯೇ ಬ್ಯಾಟರಿ ತುಂಬಿರುತ್ತದೆ, ಬೆಳಗ್ಗೆ ಪ್ಯಾನೆಲ್ ಕೊಡಲು ಬಂದರೆ ಜಾಗವೇ ಇರುವುದಿಲ್ಲ. ಅಕ್ಟೋಬರ್‌ನಿಂದ ಮೇವರೆಗೆ ಸೋಲಾರ್ ಪ್ರಯಾರಿಟಿ, ಗ್ರಿಡ್ ಚಾರ್ಜಿಂಗ್ ಬಂದ್. ಜೂನ್ ಒಂದಕ್ಕೆ ಅದನ್ನು ಮತ್ತೆ ಆನ್ ಮಾಡಿ. ಲೆಡ್ ಆಸಿಡ್ ಬ್ಯಾಟರಿ ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಬಿಸಿಲು ಬಂದರೂ ಕರಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಬಂದಷ್ಟು ಹೊತ್ತೂ ಚಾರ್ಜ್ ಆಗಲಿ. ಕರೆಂಟೇ ಇಲ್ಲದ ದಿನಗಳಲ್ಲಿ ಹಗಲು ಇನ್ವರ್ಟರಿನ ಔಟ್‌ಪುಟ್ ಆಫ್ ಮಾಡಿದರೆ ಅದು ತಿನ್ನುವುದು ಉಳಿಯುತ್ತದೆ. ಮೋಡದ ದಿನ ಪ್ಯಾನೆಲ್ ಕೊಡುವ ಅಷ್ಟಿಷ್ಟರಲ್ಲಿ ಅದೂ ದೊಡ್ಡದೇ. ಮೊದಲು ಮಾತ್ರ, ಆಫ್ ಇದ್ದಾಗಲೂ ಸೋಲಾರ್ ಚಾರ್ಜಿಂಗ್ ನಡೆಯುವ ಮಾಡೆಲ್ಲೇ ಎಂದು ಡಿಸ್ಪ್ಲೇ ನೋಡಿ ಖಾತ್ರಿ ಮಾಡಿಕೊಳ್ಳಿ.

"ಬ್ಯಾಟರಿ ಫುಲ್ ತೋರಿಸುತ್ತೆ, ಮಿಕ್ಸಿ ಹಾಕಿದ ಕೂಡಲೇ ಲೋ ಬ್ಯಾಟರಿ ಎಂದು ಕೂಗುತ್ತೆ" ಎನ್ನುವುದು ಎರಡನೆಯದು. ಹೊಸ ಬ್ಯಾಟರಿ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಮಿಕ್ಸಿ ಓಡುತ್ತಿರುವಾಗಲೇ ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೆ ಅಳೆಯಿರಿ, ನಂತರ ಇನ್ವರ್ಟರಿನ ಟರ್ಮಿನಲಿನಲ್ಲಿ. ವ್ಯತ್ಯಾಸ 0.3 ವೋಲ್ಟಿಗಿಂತ ಹೆಚ್ಚಿದ್ದರೆ ಕಳ್ಳ ಕೇಬಲಿನಲ್ಲೋ ಲಗ್ಗಿನಲ್ಲೋ ಇದ್ದಾನೆ. ಪ್ರೋಬನ್ನು ಲಗ್‌ನಿಂದ ಟರ್ಮಿನಲಿಗೆ, ಲಗ್‌ನಿಂದ ತಂತಿಗೆ ಹೀಗೆ ಒಂದೊಂದೇ ಜಾಯಿಂಟಿನ ಮೇಲೆ ಇಟ್ಟರೆ ಯಾವುದೆಂದು ನೇರವಾಗಿ ಕಾಣುತ್ತದೆ. ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಬಿಗಿದು, ಆಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ತೊಳೆಯುವಾಗ ಆ ನೀರು ಸೆಲ್ ಒಳಗೆ ಇಳಿಯಬಾರದು.

ಎರಡೂ ಕಡೆ ಒಂದೇ ಅಳತೆ ಬಂದು ವೋಲ್ಟೇಜ್ ಕುಸಿಯುತ್ತಿದ್ದರೆ ಬ್ಯಾಟರಿಗಳನ್ನು ಬೇರೆಬೇರೆಯಾಗಿ ಅಳೆಯಿರಿ. ಒಂದು 12.2, ಇನ್ನೊಂದು 11.2 ಇದ್ದರೆ ಎರಡನೆಯದರಲ್ಲಿ ಸೆಲ್ ಸೋತಿದೆ. ಆಸಿಡ್ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ಆರೂ ಸೆಲ್ ನೋಡಿ. ಪೂರ್ತಿ ತುಂಬಿದ ಟ್ಯೂಬುಲರ್‌ನಲ್ಲಿ 1.240 ಬರಬೇಕು, 1.180 ಎಂದರೆ ಅರ್ಧದ ಆಸುಪಾಸು. ಒಂದು ಸೆಲ್ ಉಳಿದವಕ್ಕಿಂತ 0.030 ಕೆಳಗಿದ್ದರೆ ಈಕ್ವಲೈಸ್ ಚಾರ್ಜ್ (ಎಲ್ಲ ಸೆಲ್ ಸಮ ಮಾಡುವ ಹೆಚ್ಚುವರಿ ಚಾರ್ಜ್) ಕೊಟ್ಟು ನೋಡಿ, ಆಗಲೂ ಏರದಿದ್ದರೆ ಆ ಬ್ಯಾಟರಿ ಮುಗಿದಂತೆ. ಇಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ: ಲೋಡ್ ಇಲ್ಲದಾಗ 12.7 ವೋಲ್ಟ್ ಬಂದರೆ ಮಾತ್ರ ಫುಲ್ ಎನ್ನುವುದು ಕಾರ್ ಬ್ಯಾಟರಿಯ ಲೆಕ್ಕ, ಅದರ ಆಸಿಡ್ 1.280. ನಮ್ಮ ಟ್ಯೂಬುಲರ್ ವಿಶ್ರಾಂತಿಯಲ್ಲಿ 12.5 ತೋರಿಸಿದರೆ ತುಂಬಿದೆ ಎಂದೇ ಅರ್ಥ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಅದೂ ಚಾರ್ಜ್ ಆದ ಮೇಲೆ. ಬಾವಿಯ ನೀರಾಗಲಿ ಆರ್‌ಓ ನೀರಾಗಲಿ ಬೇಡ.

ಪ್ಯಾನೆಲ್ ಕಡೆಯ ದೋಷಕ್ಕೆ ಎಂಸಿಬಿ ಇಳಿಸಿ, ಇನ್‌ಪುಟ್ ತಂತಿಯಲ್ಲಿ ವೋಲ್ಟೇಜ್ ನೋಡಿ. ಬಿಸಿಲಲ್ಲಿ 90-95 ಇದ್ದರೆ ಸರಿ, ಬಿಸಿ ಪ್ಯಾನೆಲ್ ಸ್ಟಿಕ್ಕರಿಗಿಂತ ಕಡಿಮೆಯೇ ಕೊಡುತ್ತದೆ. ಒಂದು ಪ್ಯಾನೆಲ್ ಮಾತ್ರ 46ರ ಬದಲು 31ರಷ್ಟು ಕೊಟ್ಟರೆ ಜಂಕ್ಷನ್ ಬಾಕ್ಸಿನ ಒಂದು ಡಯೋಡ್ ಶಾರ್ಟ್ ಆಗಿದೆ, ಸಿಡಿಲಿನ ನಂತರ ಕಾಣುವ ದೋಷ ಇದು. ವೋಲ್ಟೇಜ್ ಸರಿಯಿದ್ದು ಕರೆಂಟ್ ಇಲ್ಲದಿದ್ದರೆ ಪ್ಯಾನೆಲ್ ತಂತಿಗಳನ್ನು ಸೇರಿಸುವ ಎಂಸಿ4 ಕನೆಕ್ಟರ್ ನೋಡಿ. ಎರಡು ಕಂಪನಿಯ ಗಂಡು-ಹೆಣ್ಣು ಸೇರಿಸಿದ್ದರೆ ಕೂರುವಂತೆ ಕಾಣುತ್ತವೆ, ಒಳಗೆ ಸಡಿಲ ಇದ್ದು ಕಪ್ಪಾಗುತ್ತವೆ. ಚಾರ್ಜ್ ಆಗುತ್ತಿರುವಾಗ ಎಂಸಿ4 ಎಳೆಯಬೇಡಿ, 80 ವೋಲ್ಟಿನ ಡಿಸಿ ಕಿಡಿ ಕೈ ಸುಡುತ್ತದೆ. ಕೇಬಲನ್ನು ಕಾಂಡ್ಯೂಟ್ ಒಳಗೇ ಎಳೆಯಿರಿ, ಇಲಿ ಮತ್ತು ಮಂಗ ಎರಡೂ ಬಿಡುವುದಿಲ್ಲ.

ಈಗ ಹೊಸದಾಗಿ ಹಾಕುವವರಿಗೆ, ದುಡ್ಡು ಹೊಂದಿದರೆ, ನಾನು 25.6 ವೋಲ್ಟ್ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಎನ್ನುತ್ತೇನೆ. ಅರ್ಧ ಚಾರ್ಜಿನಲ್ಲಿ ವಾರಗಟ್ಟಲೆ ಇದ್ದರೂ ಅದಕ್ಕೆ ಸಲ್ಫೇಟ್ ಕಾಟವಿಲ್ಲ, ಮಲೆನಾಡಿಗೆ ಅದೇ ದೊಡ್ಡ ಗುಣ. ಚಾರ್ಜ್ 28.4 ವೋಲ್ಟ್, ಫ್ಲೋಟ್ 27, ಈಕ್ವಲೈಸ್ ಪೂರ್ತಿ ಬಂದ್. ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ಕನಿಷ್ಠ 100 ಆಂಪಿಯರಿನದಿರಲಿ, ಇಲ್ಲದಿದ್ದರೆ ಮಿಕ್ಸಿ ಶುರುವಾಗುವಾಗಲೇ ಕಡಿದುಕೊಳ್ಳುತ್ತದೆ. ಪೂರ್ತಿ ಖಾಲಿಯಾದ ಲಿಥಿಯಂ ಬ್ಯಾಟರಿಯ ಟರ್ಮಿನಲಿನಲ್ಲಿ ಮೀಟರ್ ಸೊನ್ನೆ ತೋರಿಸಬಹುದು. ಸತ್ತಿದೆ ಎಂದುಕೊಳ್ಳಬೇಡಿ, ಬಿಎಂಎಸ್ ಬಾಗಿಲು ಹಾಕಿದೆ ಅಷ್ಟೇ. ಲಿಥಿಯಂ ಮೋಡ್ ಇರುವ ಇನ್ವರ್ಟರ್ ಗ್ರಿಡ್ ಕರೆಂಟಿನಿಂದ ಅದನ್ನು ಎಬ್ಬಿಸುತ್ತದೆ. ಆ ಮೋಡ್ ಇಲ್ಲದಿದ್ದರೆ 24 ವೋಲ್ಟಿನ ಲಿಥಿಯಂ ಚಾರ್ಜರನ್ನು ಕೆಲವು ನಿಮಿಷ ಟರ್ಮಿನಲಿಗೆ ಕೊಟ್ಟರೆ ಏಳುತ್ತದೆ.