ಕುರ್ಚಿ ಸದ್ದು ಮಾಡಿದ ಕಡೆ ಕತ್ತರಿ ಹಾಕಬೇಡಿ

ನಮ್ಮ ಚಿತ್ರ ಜನರಿಗೆ ಎಲ್ಲಿ ಬೇಸರ ತರಿಸುತ್ತದೆ ಎಂಬುದನ್ನು ನನಗೆ ಮೊದಲ ಬಾರಿಗೆ ಸರಿಯಾಗಿ ತಿಳಿಸಿಕೊಟ್ಟವು ತಿಪಟೂರು ತಾಲ್ಲೂಕಿನ ಒಂದು ಪ್ರೌಢಶಾಲೆಯ ಸಭಾಂಗಣದಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳು. ಎರಡು ವರ್ಷದ ಹಿಂದೆ ಈ ಮಾತನ್ನು ಗಾಂಧಿನಗರದಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. ಅವರಲ್ಲಿ ಇಬ್ಬರು ಈಚೆಗೆ ತಮ್ಮ ಚಿತ್ರದ ಹಾರ್ಡ್ ಡಿಸ್ಕ್ ಹಿಡಿದುಕೊಂಡು ನನ್ನ ಎಡಿಟಿಂಗ್ ಕೋಣೆಗೆ ಬಂದುಹೋಗಿರುವುದರಿಂದ, ಮಾಡಿದ್ದನ್ನೂ ಕಳೆದುಕೊಂಡಿದ್ದನ್ನೂ ಸೇರಿಸಿ ಬರೆದಿಡುತ್ತಿದ್ದೇನೆ. ಅಂಕಿಗಳನ್ನು ನೆನಪಿನಿಂದ ಕೊಡುತ್ತಿದ್ದೇನೆ, ಒಂದಷ್ಟು ಆಚೀಚೆ ಇರಬಹುದು.

ನಾನು ಸುಮಾರು 14 ವರ್ಷದಿಂದ ಸಂಕಲನಕಾರ. ಈ ಚಿತ್ರಕ್ಕೆ ಕೈಯಿಂದ 6 ಲಕ್ಷ ಹಾಕಿದ್ದರಿಂದ ಸಹನಿರ್ಮಾಪಕನೂ ಆದೆ. ಒಟ್ಟು ಬಜೆಟ್ 38 ಲಕ್ಷ, ಚಿತ್ರೀಕರಣ 19 ದಿನ. ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು, ಬೆಂಗಳೂರಿನಲ್ಲಿ ನೆಲೆಸಿದ ಇಬ್ಬರು ಮಕ್ಕಳು, ಮಾರಾಟಕ್ಕೆ ಬಂದ ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ಕಾಯಿ, ಇಷ್ಟೇ ಕಥೆ. ಹಾಡಿಲ್ಲ, ಹೊಡೆದಾಟವಿಲ್ಲ, ಹೆಸರಾಂತ ಮುಖವಿಲ್ಲ. ಮೊದಲ ಕಟ್, ಅಂದರೆ ಮೊದಲ ಸಲ ಜೋಡಿಸಿದ ರೂಪ, 124 ನಿಮಿಷವಿತ್ತು. ಈಗ ನಾಚಿಕೆಯಿಲ್ಲದೆ ಹೇಳಬಲ್ಲೆ, ಅದು ನೀರಸವಾಗಿತ್ತು.

ಆಗ ಅದು ನಮಗೆ ಗೊತ್ತಾಗಲಿಲ್ಲ, ಏಕೆಂದರೆ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಬೆಂಗಳೂರಿನ ಒಂದು ಪ್ರಿವ್ಯೂ ಥಿಯೇಟರನ್ನು ಬಾಡಿಗೆಗೆ ಹಿಡಿದು, ಸ್ನೇಹಿತರು, ನೆಂಟರು, ಸಹಾಯಕ ನಿರ್ದೇಶಕರ ರೂಮ್‌ಮೇಟುಗಳು ಸೇರಿ ಎಪ್ಪತ್ತು ಜನರನ್ನು ಕೂರಿಸಿ, ಬೋಂಡ ಕಾಫಿ ಕೊಟ್ಟು, ಕೊನೆಯಲ್ಲಿ ಒಂದು ಫಾರ್ಮ್ ತುಂಬಿಸಿಕೊಂಡೆವು. ಐದಕ್ಕೆ ನಾಲ್ಕಕ್ಕಿಂತ ಕಡಿಮೆ ಅಂಕ ಕೊಟ್ಟವರು ಆರೇಳು ಜನ ಇದ್ದಿರಬಹುದು. ಬಾಗಿಲಲ್ಲಿ ಕೈ ಕುಲುಕಿದವರೆಲ್ಲ ಹೇಳಿದ್ದು ಒಂದೇ ಮಾತು: "ಚೆನ್ನಾಗಿದೆ ಸಾರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್ ಅನ್ನಿಸ್ತು, ಟ್ರಿಮ್ ಮಾಡಿಬಿಡಿ." ಈ ವಾಕ್ಯವನ್ನು ನನ್ನ ವೃತ್ತಿಜೀವನದಲ್ಲಿ ಎಷ್ಟು ಚಿತ್ರಗಳಿಗೆ ಕೇಳಿದ್ದೇನೆಂದರೆ, ಚಿತ್ರ ನೋಡದೆಯೇ ಇದನ್ನು ಹೇಳಿ ಕಾಫಿ ಕುಡಿದು ಹೋಗಬಹುದು. ನಾನು ನಂಬಿ ದ್ವಿತೀಯಾರ್ಧದಲ್ಲಿ 6 ನಿಮಿಷ ಕಿತ್ತೆ. ಚಿತ್ರೋತ್ಸವದವರು ಒಪ್ಪಲಿಲ್ಲ, ವಿತರಕರು ಅರ್ಧ ನೋಡಿ ಫೋನ್ ಬಂತೆಂದು ಎದ್ದುಹೋದರು. ಅಷ್ಟರಲ್ಲಿ ಸಹಾಯಧನದ ಅವಸರಕ್ಕೆ ಬಿದ್ದು ಅದೇ ಕಟ್ ಅನ್ನು ಸೆನ್ಸಾರ್‌ಗೂ ಕಳಿಸಿಬಿಟ್ಟಿದ್ದೆವು. ಪ್ರಮಾಣಪತ್ರ ಸಿಕ್ಕ ಮೇಲೆ ಚಿತ್ರದಲ್ಲಿ ಏನು ಬದಲಿಸಿದರೂ ಮಂಡಳಿಗೆ ತಿಳಿಸಿ ಮತ್ತೆ ಅನುಮೋದನೆ ಪಡೆಯಬೇಕೆಂಬುದು ನಿಮಗೆಲ್ಲ ಗೊತ್ತಿರುವುದೇ. ಆ ಓಡಾಟ, ಶುಲ್ಕ, ಹೊಸ ಡಿಸಿಪಿ (ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ) ಎಲ್ಲ ಸೇರಿ ಮುಂದೆ ನಮಗೆ 60 ಸಾವಿರದ ಹತ್ತಿರ ಕೈಬಿಟ್ಟು ಹೋಯಿತು. ಪರೀಕ್ಷೆ ಏನಿದ್ದರೂ ಸೆನ್ಸಾರ್‌ಗೆ ಮೊದಲೇ ಮುಗಿಸಿಕೊಳ್ಳಬೇಕಿತ್ತು.

ಶಾಲೆಯ ಪ್ರದರ್ಶನ ಆಕಸ್ಮಿಕ. ಚಿತ್ರೀಕರಣಕ್ಕೆ ಮನೆ, ತೋಟ ಬಿಟ್ಟುಕೊಟ್ಟ ಊರಿನವರಿಗೆ ಚಿತ್ರ ತೋರಿಸುತ್ತೇವೆಂದು ಮಾತು ಕೊಟ್ಟಿದ್ದೆವು. ಶಾಮಿಯಾನದವರಿಂದ ನೂರು ಕುರ್ಚಿ, ಕಿಟಕಿಗೆ ಕಟ್ಟಲು ಕಪ್ಪು ಬಟ್ಟೆ, ತುಮಕೂರಿನಿಂದ ಪ್ರೊಜೆಕ್ಟರ್, ಹೀಗೆ 9 ಸಾವಿರ ರೂಪಾಯಿಯ ವ್ಯವಸ್ಥೆ. ಪ್ರಿವ್ಯೂ ಥಿಯೇಟರಿನ ಮೆತ್ತನೆಯ ಸೀಟಿನಲ್ಲಿ ಮನುಷ್ಯ ಎಷ್ಟು ಹೊರಳಿದರೂ ಸದ್ದಾಗುವುದಿಲ್ಲ. ಸಿಮೆಂಟ್ ನೆಲದ ಮೇಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೊಡೆ ಬದಲಿಸಿದರೂ ಕಿರ್ರೆನ್ನುತ್ತದೆ. ಗೋಡೆಗೊರಗಿ ನಿಂತಿದ್ದ ನನಗೆ ಸುಮಾರು 41ನೇ ನಿಮಿಷದಲ್ಲಿ ಇಡೀ ಸಭಾಂಗಣ ಒಮ್ಮೆಲೇ ಕಿರುಗುಟ್ಟಿದ್ದು ಕೇಳಿಸಿತು. ತೆರೆಯ ಮೇಲೆ ಆಗ ನಡೆಯುತ್ತಿದ್ದುದು, ನಾವೆಲ್ಲರೂ ಚಿತ್ರದ ಜೀವಾಳವೆಂದು ನಂಬಿದ್ದ, ತಂದೆ ಮತ್ತು ಹಿರಿಯ ಮಗ ಎದುರಾಗುವ ದೃಶ್ಯ.

ನಿರ್ದೇಶಕರಿಗೆ ಹೇಳಿದೆ. "ಕುರ್ಚಿ ಸದ್ದು ಕೇಳಿ ಸಿನಿಮಾ ಕಟ್ ಮಾಡ್ತೀರಾ ಸಾರ್?" ಎಂದರು. ಹಳ್ಳಿಯವರಿಗೆ ನಿಧಾನಗತಿಯ ಚಿತ್ರ ಹಿಡಿಸುವುದಿಲ್ಲ, ನಮ್ಮದು ಬೇರೆ ಪ್ರೇಕ್ಷಕರ ಚಿತ್ರ ಎಂಬುದು ಅವರ ವಾದ. ನಾನು ಅದನ್ನು ಒಪ್ಪಲಿಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನಲ್ಲಿ ಕೆ. ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲಿಯೇ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರಿಗೆ ತೋರಿಸಿ ಚರ್ಚೆಗೆ ಕೂರಿಸಿದ್ದರು. ನಿಧಾನವೇ ತಪ್ಪಾಗಿದ್ದರೆ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ನಮ್ಮ ಚಿತ್ರದಲ್ಲಿ ನಿಧಾನದ ಜೊತೆಗೆ ಇನ್ನೇನೋ ಇತ್ತು.

ಮುಂದಿನ ಐದು ಪ್ರದರ್ಶನಗಳನ್ನು ನನ್ನ ಸ್ವಂತ ಖರ್ಚಿನಲ್ಲಿ, ಪ್ರತಿ ಬಾರಿ ನಲವತ್ತು ನಲವತ್ತೈದು ಜನರಿಗೆ, ಬೇರೆ ಬೇರೆ ಊರುಗಳಲ್ಲಿ ಮಾಡಿದೆ. ಸಭಾಂಗಣದ ತೊಲೆಯಿಂದ ಒಂದು ಚಿಕ್ಕ ಆಡಿಯೊ ರೆಕಾರ್ಡರ್ ಇಳಿಬಿಟ್ಟು, ಪರದೆಯ ಕೆಳಗೆ ಜನರ ಕಡೆ ಮುಖ ಮಾಡಿದ ಸಿಸಿಟಿವಿ ಕ್ಯಾಮೆರಾ ಇಟ್ಟೆ. ಎರಡರ ವಿಷಯವನ್ನೂ ಜನರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯುತ್ತಿದ್ದೆ. ಹತ್ತು ನಿಮಿಷವಾದ ಮೇಲೆ ಅದು ಯಾರಿಗೂ ನೆನಪಿರುವುದಿಲ್ಲ. ಮೊದಲ ಕ್ಯಾಮೆರಾ 2,500 ರೂಪಾಯಿಯದು, ಪೂರ್ತಿ ದಂಡ. ಕತ್ತಲಲ್ಲಿ ಚಿತ್ರ ಹಿಡಿಯಲು ಅದರಲ್ಲಿದ್ದ ಇನ್‌ಫ್ರಾರೆಡ್ ದೀಪ 850 ನ್ಯಾನೊಮೀಟರ್ ತರಂಗಾಂತರದ್ದಾಗಿದ್ದು ಕತ್ತಲಲ್ಲಿ ಕೆಂಡದಂತೆ ಮಿನುಗುತ್ತಿತ್ತು. ಮುಂದಿನ ಸಾಲಿನ ಹುಡುಗರು ಚಿತ್ರ ಬಿಟ್ಟು ಅದನ್ನೇ ನೋಡುತ್ತ ಕುಳಿತರು. ಕಣ್ಣಿಗೆ ಕಾಣದ 940ರ ಕ್ಯಾಮೆರಾ ತರಿಸಿದ ಮೇಲೆ ಸರಿಹೋಯಿತು. ಮುಖಭಾವ ಅದರಲ್ಲಿ ತಿಳಿಯುವುದಿಲ್ಲ, ಆದರೆ ಯಾರು ಯಾವಾಗ ಮೊಬೈಲ್ ತೆಗೆದರೆಂಬುದು ಬೆಳ್ಳಗೆ ಕಾಣುತ್ತದೆ, ನನಗೆ ಬೇಕಾಗಿದ್ದೂ ಅಷ್ಟೇ.

ಕೋಣೆಗೆ ಬಂದು ಸಭಾಂಗಣದ ಧ್ವನಿಯನ್ನು ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನಿನಲ್ಲಿ ಚಿತ್ರದ ಕೆಳಗೆ ಇನ್ನೊಂದು ಟ್ರ್ಯಾಕ್ ಆಗಿ ಕೂರಿಸುತ್ತಿದ್ದೆ. ಎರಡು ಗಂಟೆಯಲ್ಲಿ ಧ್ವನಿ ಚಿತ್ರಕ್ಕಿಂತ ಕೆಲವು ಫ್ರೇಮ್ ಆಚೀಚೆ ಸರಿಯುತ್ತದೆ, ಈ ಕೆಲಸಕ್ಕೆ ತೊಂದರೆಯಿಲ್ಲ. ಚಿತ್ರದ ಧ್ವನಿಯಿಂದ ಕುರ್ಚಿ ಮತ್ತು ಕೆಮ್ಮಿನ ಸದ್ದನ್ನು ಬೇರ್ಪಡಿಸಲು ನಾನು ಕಂಡುಕೊಂಡ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ, ಕಷ್ಟಪಟ್ಟರೆ ನಿಮಗೂ ಸಿಗುತ್ತದೆ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. 41ನೇ ನಿಮಿಷದಲ್ಲಿ ಸದ್ದು ಬಂತೆಂದು ಆ ದೃಶ್ಯವನ್ನೇ ಅರ್ಧಕ್ಕೆ ಕತ್ತರಿಸಿದೆ. ಮುಂದಿನ ಪ್ರದರ್ಶನದಲ್ಲಿ ಸದ್ದು 40ಕ್ಕೇ ಬಂತು. ಇನ್ನಷ್ಟು ಕತ್ತರಿಸಿದೆ, 38ಕ್ಕೆ ಬಂತು, ಜೊತೆಗೆ ಮೊಬೈಲ್ ಬೆಳಕೂ ಮೂರರಿಂದ ಏಳಕ್ಕೆ ಏರಿತು. ಒಂದು ರಾತ್ರಿ ಹಿಂದಿನ ಹತ್ತು ನಿಮಿಷವನ್ನು ಮತ್ತೆ ಮತ್ತೆ ಓಡಿಸಿ ನೋಡುವಾಗ ಕಾರಣ ಹೊಳೆಯಿತು. 34ನೇ ನಿಮಿಷದಲ್ಲಿ ಮಕ್ಕಳಿಬ್ಬರೂ ಬೆಂಗಳೂರಿನ ಫ್ಲ್ಯಾಟಿನಲ್ಲಿ ಕುಳಿತು ತೋಟ ಮಾರುವ ಮಾತು ಮುಗಿಸಿಬಿಡುತ್ತಾರೆ. ಮಗ ಊರಿಗೆ ಬಂದು ಏನು ಹೇಳುತ್ತಾನೆಂಬುದು ಪ್ರೇಕ್ಷಕನಿಗೆ ಆಗಲೇ ತಿಳಿದಿರುತ್ತದೆ, ಆಮೇಲಿನ ಏಳು ನಿಮಿಷ ಅವನು ಬರೀ ಕಾಯುತ್ತಾನೆ. ಆ ಫ್ಲ್ಯಾಟ್ ದೃಶ್ಯಕ್ಕೆ ಬಾಡಿಗೆ, ಇಬ್ಬರು ಕಲಾವಿದರ ಸಂಭಾವನೆ, ಊಟ ಸೇರಿ ಒಂದು ಲಕ್ಷದ ಮೇಲೆ ಖರ್ಚಾಗಿತ್ತು. ಪೂರ್ತಿ ಕಿತ್ತು ಹಾಕಿ, ತಂದೆ ಮಗನ ದೃಶ್ಯವನ್ನು ಮೊದಲಿದ್ದ ಉದ್ದಕ್ಕೇ ಮರಳಿಸಿದೆ. ನಾಲ್ಕನೆಯ ಪ್ರದರ್ಶನದಲ್ಲಿ ಅದೇ ದೃಶ್ಯಕ್ಕೆ ಒಂದು ಕುರ್ಚಿಯೂ ಅಲುಗಲಿಲ್ಲ. ಅಂದಿನಿಂದ, ಸದ್ದು ಬಂದ ಜಾಗದಿಂದ ಐದಾರು ನಿಮಿಷ ಹಿಂದಕ್ಕೆ ಹೋಗಿ ಹುಡುಕುವುದು ನನ್ನ ಪದ್ಧತಿ.

ಇನ್ನೊಂದು ಪಾಠ ಕಲಿಸಿದವರು ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು. ತಂದೆ ಒಬ್ಬರೇ ಹಿತ್ತಿಲಲ್ಲಿ ಕಾಯಿ ಸುಲಿಯುವ ಎರಡೂವರೆ ನಿಮಿಷದ ಶಾಟ್ ಒಂದಿತ್ತು. ಬೆಂಗಳೂರಿನಲ್ಲಿ ಎಲ್ಲರೂ ಹೊಗಳಿದ ಆ ಶಾಟಿಗೆ ಇಲ್ಲಿ ಗುಸುಗುಸು, ಆಮೇಲೆ ನಗು. ಮುಗಿದ ಮೇಲೆ ಕೇಳಿದರೆ ಒಬ್ಬಾಕೆ, "ಆವಯ್ಯ ಯಾವತ್ತೂ ಕಾಯಿ ಸುಲ್ದೋನಲ್ಲ ಬಿಡಣ್ಣ, ಕೈ ನೋಡಿದ್ರೆ ಗೊತ್ತಾಗಲ್ವಾ" ಎಂದರು. ಪಕ್ಕದವರು ಇನ್ನೂ ಒಂದು ತಪ್ಪು ಹಿಡಿದರು. ಅಟ್ಟಕ್ಕೆ ಹಾಕಿ ಮೂರು ತಿಂಗಳಾಯಿತು, ಕೊಬ್ಬರಿ ಆಗಿರುತ್ತದೆ ಎಂಬ ಸಂಭಾಷಣೆ ನಮ್ಮಲ್ಲಿತ್ತು. ಉಂಡೆ ಕೊಬ್ಬರಿಗೆ ಹೆಚ್ಚುಕಡಿಮೆ ವರ್ಷವೇ ಬೇಕು. ಒಳಗಿನ ತಿರುಳು ಒಣಗಿ ಚಿಪ್ಪು ಬಿಟ್ಟ ಮೇಲೆ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಕೊಬ್ಬರಿ ಮಾರುಕಟ್ಟೆಗೇ ಹೆಸರಾದ ಸೀಮೆಯಲ್ಲಿ ಇಂಥ ತಪ್ಪು ಮಾಡಿದವರು ಹೇಳುವ ಕಥೆಯನ್ನು ಯಾರು ನಂಬುತ್ತಾರೆ? ನಂಬಿಕೆ ಹೋದ ಮೇಲೆ ಬರುವುದು ಬೇಸರ. ಡಬ್ಬಿಂಗ್‌ನಲ್ಲಿ ಮೂರನ್ನು ಹನ್ನೊಂದು ಮಾಡಿದೆವು. ಪುಣ್ಯಕ್ಕೆ ಕಲಾವಿದರು ಆ ಮಾತಿಗೆ ಬೆನ್ನು ತಿರುಗಿಸಿದ್ದರು. ಸುಲಿಯುವ ಶಾಟಿನಲ್ಲಿ ಕೈ ಕಾಣುವ ಭಾಗ ತೆಗೆದು ಮುಖ ಮಾತ್ರ ಉಳಿಸಿ, ಊರಿನ ಒಬ್ಬ ಕೂಲಿಯವರು ನಿಜವಾಗಿ ಸುಲಿಯುವಾಗಿನ ಸದ್ದು ಹಿಡಿದು ಹಾಕಿದೆ. ಅವರಿಗೆ ಕೊಟ್ಟ 800 ರೂಪಾಯಿಯಷ್ಟು ಲಾಭದ ಖರ್ಚು ಇಡೀ ಚಿತ್ರದಲ್ಲಿ ಬೇರೆ ಇಲ್ಲ.

ಫಾರ್ಮ್ ತುಂಬಿಸುವುದನ್ನು ಬಿಟ್ಟಿದ್ದರಿಂದ ಜನರ ಮಾತು ಕೇಳಲು ಬೇರೆ ದಾರಿ ಬೇಕಿತ್ತು. ಚಿತ್ರ ನೋಡಿದ ಎರಡು ದಿನದ ಮೇಲೆ ಫೋನ್ ಮಾಡಿ, ಹೇಗಿತ್ತೆಂದು ಕೇಳದೆ, "ನಿಮ್ಮ ಮನೆಯಲ್ಲಿ ಬರದೆ ಇದ್ದವರಿಗೆ ಹೇಳುವ ಹಾಗೆ ಕಥೆ ಹೇಳಿ" ಎಂದು ಕೇಳುತ್ತಿದ್ದೆ. ಕಥೆ ಹೇಳುವಾಗ ಯಾರೂ ಉಪಚಾರದ ಸುಳ್ಳು ಹೇಳಲಾರರು. ಸುಮಾರು ಮೂವತ್ತು ಜನರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಕಿರಿಯ ಮಗ ಆಡಿದ ಮಾತನ್ನು ಹಿರಿಯನ ತಲೆಗೆ ಕಟ್ಟಿದರು. ಇಬ್ಬರಿಗೂ ಒಂದೇ ಬಗೆಯ ಗಡ್ಡ, ಒಂದೇ ಬಗೆಯ ಚೌಕಳಿ ಅಂಗಿ. ಅರ್ಥವಾಗದೆ ಒದ್ದಾಡುವವನೂ ಬೇಸರಗೊಂಡವನೂ ಕುರ್ಚಿಯಲ್ಲಿ ಒಂದೇ ರೀತಿ ಹೊರಳುತ್ತಾರೆಂದು ಆಗ ತಿಳಿಯಿತು. ಅವರು ಮೊದಲು ಕಾಣಿಸಿಕೊಳ್ಳುವ ದೃಶ್ಯದಲ್ಲಿ ಕಿರಿಯವನ ಬಾಯಲ್ಲಿ "ಅಣ್ಣಾ" ಎಂಬ ಒಂದು ಪದ ಡಬ್ ಮಾಡಿ ಸೇರಿಸಿದ್ದರಿಂದ ಅರ್ಧಕ್ಕರ್ಧ ಗೊಂದಲ ಕಳೆಯಿತು. ಫೋನಿನಲ್ಲಿ ನಾನು ಕೇಳುವ ಎರಡನೆಯ ಪ್ರಶ್ನೆಯೂ ಒಂದಿದೆ, ಅದು ನನ್ನ ಹೊಟ್ಟೆಪಾಡಿನದು, ಇರಲಿ. ಜಿಮ್ಮಿ ಜಿಬ್ (ಕ್ಯಾಮೆರಾ ಎತ್ತುವ ಕ್ರೇನ್) ತರಿಸಿ ಎರಡು ಲಕ್ಷಕ್ಕೂ ಹೆಚ್ಚು ಸುರಿದು ತೆಗೆದ ಕನಸಿನ ದೃಶ್ಯವನ್ನು ಆ ಮೂವತ್ತು ಜನರಲ್ಲಿ ಒಬ್ಬರೂ ಕಥೆಯಲ್ಲಿ ಸೇರಿಸಲಿಲ್ಲ. ಅದನ್ನು ತೆಗೆದಾಗ ನಿರ್ದೇಶಕರು ಹತ್ತು ದಿನ ನನ್ನ ಜೊತೆ ಮಾತು ಬಿಟ್ಟರು.

ಈ ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಬೋಂಡವನ್ನು ಚಿತ್ರಕ್ಕೆ ಮೊದಲು ಕೊಟ್ಟರೆ ಜನ ದಾಕ್ಷಿಣ್ಯಕ್ಕೆ ಬೀಳುತ್ತಾರೆ, ಕೊನೆಯಲ್ಲಿ ಕೊಡುತ್ತೇವೆಂದರೆ ಎದ್ದುಹೋಗಬೇಕಾದವರೂ ಕೂರುತ್ತಾರೆ. ಕಡೆಗೆ ಮಧ್ಯಂತರದಲ್ಲಿ ಬರೀ ಚಹಾ ಎಂದು ತೀರ್ಮಾನಿಸಿದೆ. ಮಧ್ಯಂತರ ಮುಗಿದು ಚಿತ್ರ ಶುರುವಾದ ಮೇಲೂ ಹೊರಗೆ ಲೋಟ ಹಿಡಿದು ನಿಂತವರ ಲೆಕ್ಕ ಬಹಳ ಉಪಯೋಗಕ್ಕೆ ಬಂತು. ವಿರಾಮ 62ನೇ ನಿಮಿಷದಲ್ಲಿದ್ದಾಗ ಹನ್ನೊಂದು ಜನ ತಡವಾಗಿ ಬಂದರು. ತಂದೆ ಅಟ್ಟಕ್ಕೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುವಲ್ಲಿಗೆ, ಅಂದರೆ 54ಕ್ಕೆ ತಂದಾಗ ಇಬ್ಬರೇ. ಒಮ್ಮೆ ಧ್ವನಿಯನ್ನು ಪೂರ್ತಿ ತೆಗೆದು ಒಂಬತ್ತನೇ ತರಗತಿಯ ಮಕ್ಕಳಿಗೆ ತೋರಿಸಿದೆ, ಅದರಿಂದ ಏನೂ ತಿಳಿಯಲಿಲ್ಲ, ಗಲಾಟೆ ಮಾತ್ರ ಆಯಿತು.

ಒಂದು ಎಚ್ಚರಿಕೆ. ಸದ್ದಿಲ್ಲದ ಜಾಗವೆಲ್ಲ ಚೆನ್ನಾಗಿದೆ ಎಂದಲ್ಲ, ನಿದ್ದೆ ಹೋದವರೂ ಸದ್ದು ಮಾಡುವುದಿಲ್ಲ. ಅದನ್ನು ಕೆಮ್ಮು ತಿಳಿಸುತ್ತದೆ. ಮನಸ್ಸಿಟ್ಟು ನೋಡುವವರು ಕೆಮ್ಮನ್ನು ತಡೆದುಕೊಂಡು ದೃಶ್ಯ ಮುಗಿದೊಡನೆ ಒಟ್ಟಿಗೆ ಕೆಮ್ಮುತ್ತಾರೆ. ಹರಾಜಿನಿಂದ ಬಂದ ತಂದೆ ಜಗುಲಿಯ ಮೇಲೆ ಸುಮ್ಮನೆ ಕೂರುವ ಮೂರು ನಿಮಿಷದ ಶಾಟನ್ನು ಕಡಿಮೆ ಮಾಡಲು ಟಿವಿಯವರು ಒತ್ತಾಯಿಸಿದಾಗ, ಅದರ ಕೊನೆಯಲ್ಲಿ ಬರುವ ಕೆಮ್ಮಿನ ಸಾಲನ್ನು ಕೇಳಿಸಿ ಶಾಟನ್ನು ಉಳಿಸಿಕೊಂಡೆ.

ಕೊನೆಯ ಕಟ್ 101 ನಿಮಿಷಕ್ಕೆ ನಿಂತಿತು. ಆರನೆಯ ಪ್ರದರ್ಶನದಲ್ಲಿ 43 ಜನರಲ್ಲಿ 40 ಜನ ಕೊನೆಯವರೆಗೂ ಕುಳಿತಿದ್ದರು. ಎದ್ದ ಮೂವರಲ್ಲಿ ಒಬ್ಬರಿಗೆ ಬಸ್ಸಿನ ಹೊತ್ತಾಗಿತ್ತು. ಮಲ್ಟಿಪ್ಲೆಕ್ಸುಗಳಲ್ಲಿ ದಿನಕ್ಕೊಂದು ಆಟದಂತೆ ಎರಡು ವಾರ ಓಡಿತು. ಕೋಟಿ ಬರಲಿಲ್ಲ. ಥಿಯೇಟರ್, ಟಿವಿ, ಸಹಾಯಧನ ಎಲ್ಲ ಸೇರಿ 38ರಲ್ಲಿ 29 ಲಕ್ಷದಷ್ಟು ವಾಪಸಾಗಿದೆ, ಪರೀಕ್ಷೆಗೆ ನಾನು ಖರ್ಚು ಮಾಡಿದ್ದು 85 ಸಾವಿರದೊಳಗೆ. ನಕ್ಷತ್ರ ಕೊಡುವವರು ಎರಡೂವರೆ ಕೊಟ್ಟರು. ಆದರೆ ನೋಡಿದವರು ಬರೆದ ಸಾಲೊಂದನ್ನು ಅಚ್ಚು ಹಾಕಿಸಿ ಕೋಣೆಯ ಗೋಡೆಗೆ ಅಂಟಿಸಿದ್ದೇನೆ: "ತುಂಬಾ ನಿಧಾನ, ಆದರೂ ಎದ್ದು ಹೋಗೋಕೆ ಮನಸ್ಸಾಗಲಿಲ್ಲ."

ಈಚೆಗೆ ಚಿತ್ರವನ್ನು ಯೂಟ್ಯೂಬ್‌ಗೆ ಹಾಕಿದ್ದೇವೆ. ಜನ ಯಾವ ನಿಮಿಷದವರೆಗೆ ನೋಡಿದರೆಂದು ತೋರಿಸುವ ಅಲ್ಲಿನ ಗೆರೆಯನ್ನು ಪ್ರದರ್ಶನಗಳಲ್ಲಿ ಹಿಡಿದ ಕುರ್ಚಿ ಸದ್ದಿನ ಟ್ರ್ಯಾಕ್ ಪಕ್ಕದಲ್ಲಿಟ್ಟು ನಿರ್ದೇಶಕರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "71ರಲ್ಲಿ ಏನಾಗಿದೆ ಸಾರ್?" ಎಂದು ಕೇಳಿದರು. ಆ ನಿಮಿಷದಲ್ಲಿ ತಂದೆ ಹಳೆಯ ಅಂಚೆ ಕಚೇರಿಯ ಮುಂದೆ ಬಸ್ಸಿಗೆ ಕಾಯುತ್ತಾರೆ. ಐದಾರು ನಿಮಿಷ ಹಿಂದಕ್ಕೆ ಹೋಗಿ ಮೂರು ಬಗೆಯಲ್ಲಿ ಕಟ್ ಮಾಡಿ ನೋಡಿದ್ದೇನೆ, ಆರೂ ಪ್ರದರ್ಶನಗಳಲ್ಲಿ ಕುರ್ಚಿಗಳು ಅಲ್ಲಿ ಕಿರುಗುಟ್ಟಿವೆ, ಯೂಟ್ಯೂಬಿನ ಗೆರೆಯೂ ಅಲ್ಲೇ ಜಾರುತ್ತದೆ. ಕಾರಣ ನನಗಿನ್ನೂ ಸಿಕ್ಕಿಲ್ಲ.