ಹೊಸ ಕಂಪ್ಯೂಟರ್ ಕೊಳ್ಳದೆ ನಾಲ್ಕು ಸಿಸ್ಟಂಗಳಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಒಂದು ಸಹಕಾರ ಸಂಘಕ್ಕೆ ಕನ್ನಡದಲ್ಲಿ ರಸೀದಿ ಕೊಡುವ ಸಣ್ಣ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಮನೆಯಲ್ಲಿ ಎರಡು ತಿಂಗಳು ಒಂದು ತೊಂದರೆಯೂ ಇಲ್ಲದೆ ಓಡಿತ್ತು. ಸಂಘದ ಕಂಪ್ಯೂಟರಿಗೆ ಹಾಕಿ, ಐಕಾನ್ ಮೇಲೆ ಎರಡು ಸಲ ಒತ್ತಿದರೆ ಪರದೆ ನಡುವೆ ಒಂದು ಪೆಟ್ಟಿಗೆ ಬಂತು. ವಿಸಿರನ್‌ಟೈಮ್140 ಅನ್ನುವ ಡಿಎಲ್‌ಎಲ್ ಫೈಲ್ ಸಿಗುತ್ತಿಲ್ಲ ಅಂತ. ಡಿಎಲ್‌ಎಲ್ ಅಂದರೆ ಬೇರೆ ಬೇರೆ ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಕೋಡ್ ಇರುವ ಫೈಲ್. ಹೊರಗೆ ಜಗಲಿಯ ಮೇಲೆ ಜನ ಕಾಯುತ್ತಾ ಕೂತಿದ್ದರು. ಅವತ್ತು ರಸೀದಿಯನ್ನೆಲ್ಲ ಕೈಯಲ್ಲೇ ಬರೆಯಬೇಕಾಯಿತು.

ಕಾರಣ ಸುಲಭದ್ದೇ. ನನ್ನ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಬರೆಯಲು ಬಳಸುವ ವಿಷುವಲ್ ಸ್ಟುಡಿಯೋ ಇತ್ತು. ಅದರ ಜೊತೆ ಆ ಫೈಲ್ ತಾನಾಗಿಯೇ ಬಂದು ಕೂತಿತ್ತು. ಸಂಘದ ಕಂಪ್ಯೂಟರಿನಲ್ಲಿ ಅದು ಇರಲಿಲ್ಲ. ಸಾಫ್ಟ್‌ವೇರ್ ಬರೆಯುವವರ ಕಂಪ್ಯೂಟರ್ ಯಾವತ್ತೂ ತುಂಬಿದ ಮನೆ. ಬಳಸುವವರದು ಬಹುತೇಕ ಖಾಲಿ ಮನೆ. ತುಂಬಿದ ಮನೆಯಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಖಾಲಿ ಮನೆಯಲ್ಲಿ ಏನಾಗುತ್ತದೆ ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ನಿಮ್ಮ ಕಂಪ್ಯೂಟರಿನೊಳಗೇ ಒಂದಷ್ಟು ಖಾಲಿ ಮನೆ ಕಟ್ಟಿಕೊಳ್ಳಬೇಕು: ವಿಂಡೋಸ್ 11, 10, 7 ಮತ್ತು ಉಬುಂಟು ಅನ್ನುವ ಲಿನಕ್ಸ್, ಈ ನಾಲ್ಕು ಆಪರೇಟಿಂಗ್ ಸಿಸ್ಟಂಗಳಿಗೆ ಒಂದೊಂದು. ಇದಕ್ಕೆ ದುಡ್ಡು ಬೇಡ. ಒಂದು ಭಾನುವಾರ ಸಾಕು.

ಈ ಒಳಗಿನ ಕಂಪ್ಯೂಟರಿಗೆ ವರ್ಚುವಲ್ ಮಷೀನ್ ಅನ್ನುತ್ತಾರೆ, ಚಿಕ್ಕದಾಗಿ ವಿಎಂ. ಐಡಿಯಾ ಹಳೆಯದು. 1960ರ ದಶಕದಲ್ಲೇ ಐಬಿಎಂ ತನ್ನ ದೊಡ್ಡ ಯಂತ್ರಗಳಲ್ಲಿ ಇದನ್ನು ಮಾಡಿ ತೋರಿಸಿತ್ತು. ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಅದನ್ನು ತಂದದ್ದು 1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್. ಈಗ ಅದೂ ಉಚಿತ. ನಾನು ಬಳಸುವುದು ಒರಾಕಲ್‌ನ ವರ್ಚುವಲ್‌ಬಾಕ್ಸ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ಸೋರ್ಸ್ ಕೋಡ್ ಕೂಡ ತೆರೆದಿದೆ. ಹಾಗಾಗಿ ಇಲ್ಲಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಡ್ಯುಯಲ್ ಬೂಟ್, ಅಂದರೆ ಒಂದೇ ಕಂಪ್ಯೂಟರಿಗೆ ಎರಡು ಸಿಸ್ಟಂ ಹಾಕಿ ಶುರುವಾಗುವಾಗ ಒಂದನ್ನು ಆರಿಸುವುದು, ಸಾಲದೇ ಅಂತ ಕೆಲವರು ಕೇಳುತ್ತಾರೆ. ಪರೀಕ್ಷೆಗೆ ಅದು ಆಗಿಬರುವುದಿಲ್ಲ. ಪ್ರತಿ ಸಲ ರೀಸ್ಟಾರ್ಟ್ ಮಾಡಬೇಕು, ಡಿಸ್ಕನ್ನು ಭಾಗ ಮಾಡಬೇಕು. ಒಂದು ಸಲ ಕೊಳೆಯಾದ ಸಿಸ್ಟಂ ಮತ್ತೆ ಹೊಸದಾಗುವುದೂ ಇಲ್ಲ.

ಮೊದಲು ನಿಮ್ಮ ಕಂಪ್ಯೂಟರ್ ತಯಾರಿದೆಯಾ ನೋಡಿ

ರ‍್ಯಾಮ್ 16 ಜಿಬಿ ಇದ್ದರೆ ಆರಾಮ. 8 ಜಿಬಿ ಇದ್ದರೂ ನಡೆಯುತ್ತದೆ, ಆದರೆ ಒಂದು ಸಲಕ್ಕೆ ಒಂದೇ ವಿಎಂ. ಡಿಸ್ಕ್ ಎಸ್‌ಎಸ್‌ಡಿ ಆಗಿರಲಿ. ಹಳೆಯ ತಿರುಗುವ ಡಿಸ್ಕ್‌ನಲ್ಲಿ ವಿಂಡೋಸ್ 11 ಹಾಕಿ ಕಾಯುವುದು ನಿಜಕ್ಕೂ ಸಂಕಟ. ನೂರು, ನೂರೈವತ್ತು ಜಿಬಿ ಜಾಗ ಖಾಲಿ ಇಟ್ಟುಕೊಳ್ಳಿ.

ಆಮೇಲೆ ಪ್ರೊಸೆಸರ್. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ಗೆ ಹೋಗಿ, ಸಿಪಿಯು ಒತ್ತಿ. ಕೆಳಗೆ 'ವರ್ಚುವಲೈಸೇಷನ್' ಅಂತ ಒಂದು ಸಾಲಿದೆ. ಅದರ ಮುಂದೆ 'ಎನೇಬಲ್ಡ್' ಅಂತ ಇರಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಶುರುವಾಗುವಾಗ ಎಫ್2 ಅಥವಾ ಡಿಲೀಟ್ ಕೀ ಒತ್ತಿ ಬಯಾಸ್, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ, ಅದರೊಳಗೆ ಹೋಗಿ. ಕೀ ಯಾವುದು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಇಂಟೆಲ್ ಪ್ರೊಸೆಸರ್ ಆದರೆ 'ವಿಟಿ ಎಕ್ಸ್' ಅಥವಾ 'ವರ್ಚುವಲೈಸೇಷನ್ ಟೆಕ್ನಾಲಜಿ', ಎಎಂಡಿ ಆದರೆ 'ಎಸ್‌ವಿಎಂ ಮೋಡ್' ಅಂತ ಇರುತ್ತದೆ. ಅದನ್ನು ಆನ್ ಮಾಡಿ. ಒಂದು ಎಚ್ಚರಿಕೆ: ನಿಮ್ಮ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ, ಬಯಾಸ್ ಮುಟ್ಟಿದ ಮೇಲೆ ಅದು ರಿಕವರಿ ಕೀ ಕೇಳಬಹುದು. ಆ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದುವರಿಯಿರಿ.

ಬೇಕಾದ ಫೈಲ್‌ಗಳು

ವರ್ಚುವಲ್‌ಬಾಕ್ಸ್ ಅನ್ನು ಅದರದೇ ಅಧಿಕೃತ ತಾಣದಿಂದ ಇಳಿಸಿಕೊಳ್ಳಿ. ಪಕ್ಕದಲ್ಲೇ 'ಎಕ್ಸ್‌ಟೆನ್ಷನ್ ಪ್ಯಾಕ್' ಅಂತ ಇನ್ನೊಂದು ಕಾಣುತ್ತದೆ. ಅದರ ಲೈಸೆನ್ಸ್ ಬೇರೆ. ಸ್ವಂತ ಬಳಕೆಗೆ ಪುಕ್ಕಟೆ, ಕಂಪನಿ ಕೆಲಸಕ್ಕೆ ದುಡ್ಡು ಕೊಡಬೇಕು. ನಮ್ಮ ಪರೀಕ್ಷೆಗೆ ಅದು ಬೇಕಾಗುವುದಿಲ್ಲ, ಬಿಟ್ಟುಬಿಡಿ.

ಸಿಸ್ಟಂಗಳ ಐಎಸ್‌ಒ ಫೈಲ್‌ಗಳೂ (ಇನ್‌ಸ್ಟಾಲ್ ಡಿಸ್ಕ್‌ನ ಪೂರ್ತಿ ನಕಲು ಇರುವ ಫೈಲ್‌ಗಳು) ಹಾಗೆಯೇ, ಮೂಲ ತಾಣದಿಂದಲೇ ಬರಲಿ. ಉಬುಂಟು ಉಚಿತ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಎವಾಲ್ಯುಯೇಷನ್ ಸೆಂಟರ್‌ನಲ್ಲಿ 90 ದಿನದ ಎಂಟರ್‌ಪ್ರೈಸ್ ಆವೃತ್ತಿ ಸಿಗುತ್ತದೆ, ಪರೀಕ್ಷೆಗೆಂದೇ ಇರುವುದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿದೆ. ಆದರೂ ಇವನ್ನು ಬಳಸುವವರು ಇನ್ನೂ ಇದ್ದಾರೆ. ನಿಮ್ಮ ಗಿರಾಕಿಗಳಲ್ಲಿ ಅಂಥವರಿದ್ದರೆ ನಿಮ್ಮಲ್ಲಿರುವ ಹಳೆಯ ಲೈಸೆನ್ಸ್ ಡಿಸ್ಕ್‌ನಿಂದ ಹಾಕಿಕೊಳ್ಳಿ. ವಿಎಂ ಒಳಗಿದ್ದರೂ ವಿಂಡೋಸ್‌ಗೆ ಲೈಸೆನ್ಸ್ ಬೇಕೇ ಬೇಕು. ಮ್ಯಾಕ್ ಸಿಸ್ಟಂ ಅನ್ನು ಆಪಲ್ ಯಂತ್ರದ ಮೇಲೆ ಮಾತ್ರ ಹಾಕಲು ಅದರ ಲೈಸೆನ್ಸ್ ಒಪ್ಪುತ್ತದೆ, ಹಾಗಾಗಿ ನಮ್ಮ ಪಟ್ಟಿಯಲ್ಲಿ ಅದಿಲ್ಲ.

ಖಾಲಿ ಮನೆ ಕಟ್ಟುವುದು

ವರ್ಚುವಲ್‌ಬಾಕ್ಸ್ ತೆರೆದು 'ನ್ಯೂ' ಒತ್ತಿ. ಹೆಸರು ಕೊಡಿ, ಐಎಸ್‌ಒ ಫೈಲ್ ತೋರಿಸಿ. ತಾನೇ ಇನ್‌ಸ್ಟಾಲ್ ಮಾಡಿಕೊಡುತ್ತೇನೆ ಅನ್ನುವ 'ಅನ್‌ಅಟೆಂಡೆಡ್' ಆಯ್ಕೆ ಬೇಡ ಅಂತ ಹೇಳಿ. ಅದನ್ನು ಹಾಗೇ ಉಳಿಸಿಕೊಂಡರೆ ಉಬುಂಟುವಿನಲ್ಲಿ ನಿಮಗೆ ಅಡ್ಮಿನ್ ಅಧಿಕಾರವಿಲ್ಲದ ಖಾತೆ ಸೃಷ್ಟಿಯಾಗಿ, ಆಮೇಲೆ ಅದನ್ನು ಸರಿಮಾಡುವುದೇ ಒಂದು ಕೆಲಸವಾಗುತ್ತದೆ.

ರ‍್ಯಾಮ್ 4 ಜಿಬಿ, ಪ್ರೊಸೆಸರ್ 2 ಕೊಡಿ. ಸ್ಲೈಡರ್‌ನಲ್ಲಿ ಹಸಿರು ಭಾಗ ದಾಟಿ ಕೆಂಪಿಗೆ ಹೋಗಬೇಡಿ. ಹೋದರೆ ನಿಮ್ಮ ಅಸಲಿ ಸಿಸ್ಟಂಗೇ ಉಸಿರು ಕಟ್ಟುತ್ತದೆ. ಡಿಸ್ಕ್ ವಿಂಡೋಸ್ 11ಕ್ಕೆ 64 ಜಿಬಿ, ಉಬುಂಟುಗೆ 25 ಜಿಬಿ. ಈ ಜಾಗವೆಲ್ಲ ಒಂದೇ ಸಲ ಹೋಗುವುದಿಲ್ಲ. ತುಂಬಿದಷ್ಟೇ ಬೆಳೆಯುತ್ತದೆ. ವಿಂಡೋಸ್ 11 ಭದ್ರತೆಗೆಂದು ಕೇಳುವ ಟಿಪಿಎಂ 2.0 ಚಿಪ್ ಮತ್ತು ಸೆಕ್ಯೂರ್ ಬೂಟ್ ಎರಡನ್ನೂ 2022ರಲ್ಲಿ ಬಂದ ವರ್ಚುವಲ್‌ಬಾಕ್ಸ್ 7 ತಾನೇ ಒದಗಿಸುತ್ತದೆ.

'ಸ್ಟಾರ್ಟ್' ಒತ್ತಿದರೆ ಕಿಟಕಿಯೊಳಗೆ ಇನ್ನೊಂದು ಕಂಪ್ಯೂಟರ್ ಎದ್ದು ನಿಲ್ಲುತ್ತದೆ. ಇನ್‌ಸ್ಟಾಲ್ ಮಾಮೂಲಿನಂತೆ. ಮೌಸ್ ಒಳಗೆ ಸಿಕ್ಕಿಹಾಕಿಕೊಂಡಿತು ಅನಿಸಿದರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ, ಹೊರಗೆ ಬರುತ್ತದೆ. ಕಿಟಕಿಯ ಕೆಳಗಿನ ಸಾಲಿನಲ್ಲಿ ಪುಟ್ಟ ಹಸಿರು ಆಮೆಯ ಚಿತ್ರ ಕಂಡರೆ ಗಮನಿಸಿ. ನಿಮ್ಮ ವಿಂಡೋಸ್‌ನದೇ ವಿಎಂ ವ್ಯವಸ್ಥೆಯಾದ ಹೈಪರ್-ವಿ, ಪ್ರೊಸೆಸರನ್ನು ಮೊದಲೇ ಹಿಡಿದುಕೊಂಡಿದೆ, ವಿಎಂ ನಿಧಾನವಾಗುತ್ತದೆ ಅಂತ ಅದರ ಅರ್ಥ. ವಿಂಡೋಸ್ ಫೀಚರ್ಸ್‌ನಲ್ಲಿ ಹೈಪರ್-ವಿ ಮತ್ತು ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ತೆಗೆದರೆ ಸಾಮಾನ್ಯವಾಗಿ ಆಮೆ ಹೋಗುತ್ತದೆ. ನೀವು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಬಳಸುವವರಾದರೆ ಅದು ನಿಂತುಹೋಗುತ್ತದೆ, ಯೋಚಿಸಿ ಮಾಡಿ.

ಇನ್‌ಸ್ಟಾಲ್ ಮುಗಿದ ಮೇಲೆ ಅಪ್‌ಡೇಟ್‌ಗಳನ್ನೆಲ್ಲ ಹಾಕಿ. ಪರದೆ ದೊಡ್ಡದಾಗಲು, ಕಾಪಿ-ಪೇಸ್ಟ್ ಆಗಲು ವರ್ಚುವಲ್‌ಬಾಕ್ಸ್‌ನದೇ 'ಗೆಸ್ಟ್ ಅಡಿಷನ್ಸ್' ಅನ್ನು ವಿಎಂ ಒಳಗೆ ಹಾಕಿ. ಅಷ್ಟೇ. ಬ್ರೌಸರ್ ಬೇಡ, ಆಫೀಸ್ ಬೇಡ, ನಿಮಗಿಷ್ಟದ ಎಡಿಟರ್ ಬೇಡ. ಹಾಕೋಣ ಅನ್ನುವ ಆಸೆ ಆಗುತ್ತದೆ, ತಡೆದುಕೊಳ್ಳಿ.

ಸ್ನ್ಯಾಪ್‌ಶಾಟ್: ಇಡೀ ಕೆಲಸದ ಜೀವ

ಈಗ ವಿಎಂ ಅನ್ನು ಪೂರ್ತಿ ಶಟ್‌ಡೌನ್ ಮಾಡಿ. 'ಸ್ನ್ಯಾಪ್‌ಶಾಟ್ಸ್'ಗೆ ಹೋಗಿ 'ಟೇಕ್' ಒತ್ತಿ, 'ಶುದ್ಧ' ಅಂತ ಹೆಸರಿಟ್ಟು ತಾರೀಕು ಹಾಕಿ. ಈ ಕ್ಷಣದ ಸಿಸ್ಟಂ ಹೀಗಿತ್ತು ಅಂತ ಗುರುತು ಬಿತ್ತು. ಇನ್ನು ಒಳಗೆ ಏನೇ ಮಾಡಿ, 'ರೀಸ್ಟೋರ್' ಒತ್ತಿದರೆ ಕೆಲವೇ ಕ್ಷಣದಲ್ಲಿ ಮತ್ತೆ ಇದೇ ಸ್ಥಿತಿ.

ಎಷ್ಟೋ ಜನ ವಿಎಂ ಮಾಡಿಕೊಳ್ಳುತ್ತಾರೆ, ಸ್ನ್ಯಾಪ್‌ಶಾಟ್ ಬಿಡುತ್ತಾರೆ. ಅಲ್ಲಿಗೆ ಅರ್ಧ ಪ್ರಯೋಜನ ಹೋಯಿತು. ಯಾಕೆ ಅಂದರೆ, ನಿಮ್ಮ ಸಾಫ್ಟ್‌ವೇರ್ ಒಂದು ಸಲ ಹಾಕಿ ತೆಗೆದರೂ ಏನಾದರೂ ಉಳಿದೇ ಇರುತ್ತದೆ: ರಿಜಿಸ್ಟ್ರಿಯಲ್ಲಿ ಒಂದು ಸಾಲು, ಆಪ್‌ಡೇಟಾದಲ್ಲಿ ಒಂದು ಸೆಟ್ಟಿಂಗ್ ಫೈಲ್, ಸಿಸ್ಟಂ ಫೋಲ್ಡರಿನಲ್ಲಿ ಅದೇ ಡಿಎಲ್‌ಎಲ್. ಎರಡನೇ ಸಲ ಚೆನ್ನಾಗಿ ಓಡಿದ್ದು ಆ ಉಳಿಕೆಯಿಂದಲೋ, ನಿಮ್ಮ ತಿದ್ದುಪಡಿಯಿಂದಲೋ ಹೇಳುವುದಕ್ಕಾಗುವುದಿಲ್ಲ. ಪ್ರತಿ ಪರೀಕ್ಷೆಯೂ ಶುದ್ಧದಿಂದಲೇ ಶುರುವಾಗಲಿ.

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಮೂಲ ಡಿಸ್ಕ್ ಫೈಲ್ ಹಾಳಾದರೆ ಎಲ್ಲವೂ ಹೋಗುತ್ತದೆ. ಫೋಲ್ಡರಿನಲ್ಲಿ ಕಾಣುವ ಅದರ ಫೈಲ್‌ಗಳನ್ನು ಕೈಯಾರೆ ಅಳಿಸಬೇಡಿ. ಅಳಿಸುವುದಿದ್ದರೆ ವರ್ಚುವಲ್‌ಬಾಕ್ಸ್ ಒಳಗಿನಿಂದಲೇ ಮಾಡಿ.

ಪರೀಕ್ಷೆ ಮಾಡುವಾಗ

ಇನ್‌ಸ್ಟಾಲರ್ ಫೈಲನ್ನು ಶೇರ್ಡ್ ಫೋಲ್ಡರ್ (ಅಸಲಿ ಕಂಪ್ಯೂಟರಿಗೂ ವಿಎಂಗೂ ಕಾಣುವ ಫೋಲ್ಡರ್) ಮೂಲಕ ಒಳಗೆ ಕೊಡುವುದು ಸುಲಭ. ಆದರೆ ಕೊನೆಯ ಪರೀಕ್ಷೆಯಲ್ಲಿ ಹಾಗೆ ಮಾಡಬೇಡಿ. ಗಿರಾಕಿ ಅದನ್ನು ಬ್ರೌಸರ್‌ನಿಂದ ಡೌನ್‌ಲೋಡ್ ಮಾಡುತ್ತಾರೆ ಅಲ್ವಾ? ಹಾಗೆ ಬಂದ ಫೈಲ್‌ಗೆ ವಿಂಡೋಸ್ 'ಇದು ಹೊರಗಿನದು' ಅಂತ ಗುರುತು ಹಾಕುತ್ತದೆ. ಫೈಲ್‌ಗೆ ಸಹಿ ಇಲ್ಲದಿದ್ದರೆ ನೀಲಿ ಬಣ್ಣದ ಎಚ್ಚರಿಕೆಯ ಪೆಟ್ಟಿಗೆ ಬರಬಹುದು. ಅದನ್ನು ಗಿರಾಕಿಗಿಂತ ಮೊದಲು ನೀವು ನೋಡಬೇಕು. ವಿಎಂ ಒಳಗಿನ ಬ್ರೌಸರ್‌ನಲ್ಲೇ ಇಳಿಸಿಕೊಂಡು ನೋಡಿ. ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆಯಿಂದಲೂ ಓಡಿಸಿ.

ಖಾತೆಯ ಹೆಸರನ್ನೇ ಕನ್ನಡದಲ್ಲಿಟ್ಟು ನೋಡಿ, 'ಗೌರಮ್ಮ' ಅಂತ. ಆಗ ಆ ಬಳಕೆದಾರರ ಫೋಲ್ಡರಿನ ಹೆಸರೂ ಕನ್ನಡದಲ್ಲೇ ಆಗುತ್ತದೆ. ಇಂಗ್ಲಿಷ್ ಅಕ್ಷರದ ದಾರಿಯನ್ನು ಮಾತ್ರ ನಂಬಿಕೊಂಡ ಸಾಫ್ಟ್‌ವೇರ್ ಅಲ್ಲೇ ಎಡವುತ್ತದೆ.

ಕನ್ನಡ ಸಾಫ್ಟ್‌ವೇರ್ ಮಾಡುವವರಿಗೆ ಫಾಂಟ್‌ನದು ದೊಡ್ಡ ವಿಷಯ. ವಿಂಡೋಸ್ 7ರಲ್ಲಿ 'ತುಂಗಾ' ಜೊತೆಗೇ ಬರುತ್ತಿತ್ತು. ವಿಂಡೋಸ್ 10ರಿಂದ ಅದು ಐಚ್ಛಿಕ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆ ಸೇರಿಸಿಕೊಂಡವರಿಗೆ ಮಾತ್ರ ಬರುತ್ತದೆ, ಉಳಿದವರಿಗೆ 'ನಿರ್ಮಲಾ ಯುಐ' ಅಷ್ಟೇ. ನೀವು ಕನ್ನಡದಲ್ಲಿ ಕೆಲಸ ಮಾಡುವವರು, ನಿಮ್ಮ ಕಂಪ್ಯೂಟರಿನಲ್ಲಿ ತುಂಗಾ ಇದ್ದೇ ಇರುತ್ತದೆ. ಹಾಗಾಗಿ ಅದನ್ನು ನಂಬಿ ಅಳತೆ ಹಾಕಿದ ರಸೀದಿಯಲ್ಲಿ ಹೆಸರು ಗೆರೆ ದಾಟಿ ಪಕ್ಕದ ಕಾಲಂಗೆ ಹೋಗುವುದು ನಿಮಗೆ ಕಾಣುವುದೇ ಇಲ್ಲ. ಉಬುಂಟುವಿನಲ್ಲಿ ಇವೆರಡೂ ಇಲ್ಲ. ಅಲ್ಲಿ ಲೋಹಿತ್, ನೋಟೋ, ಗುಬ್ಬಿ, ನವಿಲು ಇಂಥ ಬೇರೆಯೇ ಫಾಂಟ್‌ಗಳು ಸಿಗುತ್ತವೆ.

ನಾನು ಪ್ರತಿ ವಿಎಂನಲ್ಲೂ ತಪ್ಪದೆ ಎರಡು ಪದ ಟೈಪ್ ಮಾಡುತ್ತೇನೆ: 'ಕಾರ್ಯ' ಮತ್ತು 'ರ‍್ಯಾಂಕ್'. ಮೊದಲನೆಯದರಲ್ಲಿ ರ ಅರ್ಕಾವತ್ತಾಗಬೇಕು. ಎರಡನೆಯದರಲ್ಲಿ ರ ಇಡಿಯಾಗಿ ನಿಂತು ಯ ಒತ್ತಾಗಬೇಕು. ಅದು ಹಾಗೆ ನಿಲ್ಲುವುದು ನಡುವೆ ಇರುವ, ಕಣ್ಣಿಗೆ ಕಾಣದ ಒಂದು ಜೋಡಕದಿಂದ. ಅದಕ್ಕೆ ಅಗಲವೇ ಇಲ್ಲ. ನಿಮ್ಮ ಸಾಫ್ಟ್‌ವೇರ್ ಪದ ಉಳಿಸುವಾಗ ಅದನ್ನು ಕಸ ಅಂತ ಗುಡಿಸಿ ಹಾಕಿದರೆ 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಗುತ್ತದೆ. ಅಷ್ಟೇ ಅಲ್ಲ, ಆ ಜೋಡಕವನ್ನು ಎಲ್ಲ ಕೀಬೋರ್ಡ್‌ಗಳೂ ಪದದೊಳಗೆ ಒಂದೇ ಜಾಗದಲ್ಲಿ ಇಡುವುದಿಲ್ಲ. ಒಂದರಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದರಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗದೇ ಹೋಗಬಹುದು. ವಿಂಡೋಸ್ ವಿಎಂನಲ್ಲಿ ಉಳಿಸಿ, ಅದೇ ಫೈಲನ್ನು ಉಬುಂಟು ವಿಎಂನಲ್ಲಿ ತೆರೆದು ಹುಡುಕಿ ನೋಡಿ. ಕನ್ನಡದ ಹೆಸರು ಪಟ್ಟಿಯಲ್ಲಿದ್ದೂ ಹುಡುಕಿದಾಗ ಸಿಗದಿದ್ದರೆ ಆ ಮನುಷ್ಯನಿಗೆ ಖಾತೆಯೇ ಇಲ್ಲ ಅಂದಂತೆ. ಇದು ಸಣ್ಣ ತಪ್ಪಲ್ಲ.

ಪರದೆಯನ್ನು 1366×768ಕ್ಕೆ ಇಳಿಸಿ, ಬಟನ್‌ಗಳು ಕೆಳಗೆ ಮುಚ್ಚಿಹೋಗುತ್ತವಾ ನೋಡಿ. ಅಕ್ಷರದ ಗಾತ್ರ 150%ಗೆ ಏರಿಸಿ ಇನ್ನೊಮ್ಮೆ ನೋಡಿ.

ನೆಟ್‌ವರ್ಕ್ ಸುಮ್ನೆ ಇದ್ದಹಾಗೆ 'ನ್ಯಾಟ್'ನಲ್ಲೇ ಬಿಡಿ, ಅಂದರೆ ವಿಎಂ ನಿಮ್ಮ ಅಸಲಿ ಕಂಪ್ಯೂಟರಿನ ಮೂಲಕವೇ ಇಂಟರ್ನೆಟ್‌ಗೆ ಹೋಗುತ್ತದೆ. ನಿಮ್ಮ ಅಸಲಿ ಕಂಪ್ಯೂಟರಿನಲ್ಲಿ ಓಡುತ್ತಿರುವ ವೆಬ್ ಸರ್ವರನ್ನು ವಿಎಂ ಒಳಗಿನಿಂದ ನೋಡಬೇಕಾದರೆ ವಿಳಾಸ 10.0.2.2. ವಿಂಡೋಸ್ 7ಕ್ಕೆ ಮಾತ್ರ ಇಂಟರ್ನೆಟ್ ಕೊಡಬೇಡಿ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ 'ಕೇಬಲ್ ಕನೆಕ್ಟೆಡ್' ಅನ್ನುವ ಟಿಕ್ ತೆಗೆದರಾಯಿತು. ಆ ಒಂದು ವಿಎಂಗೆ ಫೈಲನ್ನು ಶೇರ್ಡ್ ಫೋಲ್ಡರಿನಲ್ಲೇ ಕೊಡಿ.

ಒಂದೇ ವಿಂಡೋಸ್‌ನಲ್ಲಿ ನಿಮ್ಮ ಸಾಫ್ಟ್‌ವೇರ್‌ನ ಹಳೆಯ, ಹೊಸ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕಾ? 'ಶುದ್ಧ' ಸ್ನ್ಯಾಪ್‌ಶಾಟ್‌ನಿಂದ 'ಲಿಂಕ್ಡ್ ಕ್ಲೋನ್' ಮಾಡಿ. ಮೂಲ ಡಿಸ್ಕನ್ನೇ ಹಂಚಿಕೊಳ್ಳುವುದರಿಂದ ಜಾಗ ಜಾಸ್ತಿ ತಿನ್ನುವುದಿಲ್ಲ.

ವಿಎಂ ಹೇಳದ ವಿಷಯಗಳು

ವೇಗವನ್ನು ವಿಎಂನಲ್ಲಿ ಅಳೆಯಬೇಡಿ, ಆ ಅಂಕಿ ನಿಜವಲ್ಲ. ಗ್ರಾಫಿಕ್ಸ್ ಜಾಸ್ತಿ ಬಳಸುವ ಸಾಫ್ಟ್‌ವೇರ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಬೆರಳಚ್ಚು ಯಂತ್ರ, ಇವನ್ನೆಲ್ಲ ಕೊನೆಗೆ ಒಂದು ಸಲ ನಿಜವಾದ ಕಂಪ್ಯೂಟರಿನಲ್ಲೇ ನೋಡಬೇಕು. ಎಂ ಸರಣಿಯ ಚಿಪ್ ಇರುವ ಆಪಲ್ ಲ್ಯಾಪ್‌ಟಾಪ್ ನಿಮ್ಮದಾದರೆ ಅದರಲ್ಲಿ ಎಆರ್‌ಎಂ ಆವೃತ್ತಿಯ (ಆ ಬಗೆಯ ಚಿಪ್‌ಗೆಂದೇ ಮಾಡಿದ) ಸಿಸ್ಟಂಗಳು ಮಾತ್ರ ಸರಾಗವಾಗಿ ಓಡುತ್ತವೆ. ಇಂಟೆಲ್‌ನ ಹಳೆಯ ವಿಂಡೋಸ್ ಪರೀಕ್ಷೆಗೆ ಬೇರೆ ಕಂಪ್ಯೂಟರೇ ಬೇಕು.

ತಿಂಗಳಿಗೊಂದು ದಿನ ಈ ವಿಎಂಗಳಿಗೆ ಮೀಸಲಿಡಿ. ಶುದ್ಧಕ್ಕೆ ರೀಸ್ಟೋರ್ ಮಾಡಿ, ಅಪ್‌ಡೇಟ್ ಹಾಕಿ, ಶಟ್‌ಡೌನ್ ಮಾಡಿ, ಹೊಸ ತಾರೀಕಿನ ಸ್ನ್ಯಾಪ್‌ಶಾಟ್ ತೆಗೆದು, ಹಳೆಯದನ್ನು ಅಳಿಸಿ. 90 ದಿನದ ವಿಂಡೋಸ್ ಯಾವತ್ತು ಹಾಕಿದ್ದು ಅಂತ ವಿಎಂ ಹೆಸರಿನಲ್ಲೇ ಬರೆದಿಡಿ, ಅವಧಿ ಮುಗಿಯುವ ವಾರದ ಮೊದಲೇ ಹೊಸದು ಕಟ್ಟಿಕೊಳ್ಳಬಹುದು.