ತೋಟದ ಪಂಪಿನ ಸ್ಟಾರ್ಟರ್, ನನ್ನ ರೂಟರ್ ಟೇಬಲ್

ನಮ್ಮ ಶೆಡ್ಡಿಗೆ ಹೊಸದಾಗಿ ಬರುವ ಮೇಸ್ತ್ರಿಗಳು ಮೊದಲು ನಗುವುದು ಕಂಬಕ್ಕೆ ಹೊಡೆದ ಹಸಿರು-ಕೆಂಪು ಬಟನ್ನಿನ ಡಬ್ಬಿ ನೋಡಿ. ಅಡಿಕೆ ತೋಟದ ಪಂಪಿಗೆ ಹಾಕುವ ಡಿಒಎಲ್ ಸ್ಟಾರ್ಟರ್ ಅದು, ಮೋಟರ್ ಶುರು ಮಾಡುವ, ನಿಲ್ಲಿಸುವ ಸ್ವಿಚ್. ನಮ್ಮಲ್ಲಿ ಅದು ಆಡಿಸುವುದು ರೂಟರನ್ನು, ಅಂದರೆ ಮರಕ್ಕೆ ಅಂಚು ಹೊಡೆಯುವ, ಕೊರೆಯುವ ಮೆಷಿನ್ನನ್ನು. "ಆಚಾರ್ರೇ, ಬಾವಿ ಎಲ್ಲಿದೆ?" ಅಂತ ಕೇಳಿದವರೂ ಇದ್ದಾರೆ. ನಮ್ಮ ಚಿಕ್ಕಪ್ಪನಂತೂ "ನೀರೆತ್ತೋ ಡಬ್ಬಿ ತಂದು ಬಾಗಿಲು ಮಾಡ್ತೀಯೇನೋ, ದುಡ್ಡು ಹೆಚ್ಚಾಯ್ತಾ?" ಅಂದಿದ್ದರು. ಆ ಡಬ್ಬಿ ಕಟ್ಟಿ ಮೂರು ಮಳೆಗಾಲ ಕಳೆಯಿತು. ಮುಂಬಾಗಿಲೇ ನಲವತ್ತರ ಹತ್ತಿರ ಹೊರಗೆ ಹೋಗಿವೆ, ದೇವರ ಮನೆ ಬಾಗಿಲು ಹತ್ತೋ ಹನ್ನೆರಡೋ, ಕಿಟಕಿ ಲೆಕ್ಕ ಇಟ್ಟಿಲ್ಲ. ನನ್ನದಾಗಲಿ ಹುಡುಗರದಾಗಲಿ ಒಂದು ಉಗುರೂ ಹೋಗಿಲ್ಲ.

ಇದು ಶುರುವಾಗಿದ್ದು ಒಂದು ಜೂನ್‌ನಲ್ಲಿ. ರೂಟರ್ ಕೈಯಲ್ಲಿ ಹಿಡಿದು ಸಾಗುವಾನಿ ಪಟ್ಟಿಗೆ ಅಂಚು ಹೊಡೆಯುತ್ತಿದ್ದೆ, ಸ್ವಿಚ್ ಆನ್‌ನಲ್ಲೇ ನಿಲ್ಲಿಸುವ ಲಾಕ್ ಬಟನ್ ಒತ್ತಿತ್ತು. ಕರೆಂಟ್ ಹೋಯಿತು. ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆ ಜೂನ್‌ನಲ್ಲಿ ಕರೆಂಟ್ ಹೋಗುವುದು ಒಂದು ಸುದ್ದಿಯೇ? ಮೆಷಿನ್ ಹಾಗೇ ಬೆಂಚಿನ ಮೇಲೆ ಮಲಗಿಸಿ ಚಹಾ ಕುಡಿಯಲು ಒಳಗೆ ಹೋದೆ. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು, ರೂಟರ್ ತಾನಾಗೇ ಎದ್ದು ಕುಣಿಯಿತು. ತಯಾರಾಗಿ ಒರಗಿಸಿಟ್ಟಿದ್ದ ಎರಡು ಪ್ಯಾನೆಲ್ ಕೊರೆದು, ಕೊನೆಗೆ ತನ್ನ ವೈರನ್ನೇ ಕತ್ತರಿಸಿಕೊಂಡು ನಿಂತಿತು. ಕೆಳಗೆ ಕೂತು ಉಪ್ಪು ಕಾಗದ ತಿಕ್ಕುತ್ತಿದ್ದ ಹುಡುಗನ ಅಂಗಿ ಭುಜದ ಹತ್ತಿರ ಹರಿದಿತ್ತು. ಒಳಗೆ ಒಂದು ಗೀರೂ ಇಲ್ಲ. ಮರದ ಲೆಕ್ಕದಲ್ಲೇ ಎಂಟೊಂಬತ್ತು ಸಾವಿರ ಹೋಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಹಣಕ್ಕಾಗಿ ಅಲ್ಲ.

ಮರುದಿನ ತೋಟದಲ್ಲಿ ಪಂಪ್ ಹಾಕುವಾಗ ಹೊಳೆಯಿತು. ಕರೆಂಟ್ ಹೋದರೆ ಸ್ಟಾರ್ಟರ್ 'ಟಕ್' ಅಂತ ಬೀಳುತ್ತೆ, ವಾಪಸ್ ಬಂದರೂ ಹಸಿರು ಬಟನ್ ಒತ್ತುವ ತನಕ ಏಳುವುದಿಲ್ಲ. ನನಗೆ ಬೇಕಾಗಿದ್ದು ಅಷ್ಟೇ. ನಮ್ಮ ಕಡೆ ಎಲ್ಲರೂ ಸ್ಟಾರ್ಟರಿಗೆ, ಕರೆಂಟ್ ಬಂದೊಡನೆ ತಾನೇ ಪಂಪ್ ಎಬ್ಬಿಸುವ ಆಟೋ ಹಾಕಿಸಿಕೊಂಡು ರಾತ್ರಿ ನೆಮ್ಮದಿಯಾಗಿ ಮಲಗುತ್ತಾರಲ್ಲ, ಆ ಆಟೋ ಮಾತ್ರ ಇಲ್ಲಿ ಅಪ್ಪಿತಪ್ಪಿಯೂ ಇರಬಾರದು. ಗುಜರಿಯಲ್ಲಿ ಸಿಕ್ಕಿದ ಡಬ್ಬಿಯಾದರೆ ಮೊದಲು ಅದನ್ನೇ ಬಿಚ್ಚಿಸಿ.

ಗುಜರಿಯಿಂದ 800 ರೂಪಾಯಿಗೆ ತಂದ ಡಬ್ಬಿ ಒಂದು ವಾರ ಆಟ ಆಡಿಸಿತು. ತ್ರೀ ಫೇಸ್‌ನದು, ಒಳಗೆ ಸ್ವಿಚ್ ಎಳೆದು ಹಿಡಿಯುವ ಕಾಯಿಲ್ 415 ವೋಲ್ಟಿನದು. ನಮ್ಮ ಸಿಂಗಲ್ ಫೇಸಿಗೆ ಗುರ್‌ಗುರ್ ಅನ್ನುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ. 240ರ ಕಾಯಿಲ್ ಹಾಕಿಸಿದೆ, ಇನ್ನೂರೈವತ್ತೋ ಮುನ್ನೂರೋ ರೂಪಾಯಿ ಆಯಿತು. ಆಮೇಲೆ ಹಿಡಿಯಿತು, ಆದರೆ ಹತ್ತು ನಿಮಿಷಕ್ಕೊಮ್ಮೆ ಟ್ರಿಪ್. ಮೋಟರಿಗೆ ಹೊರೆ ಹೆಚ್ಚಾದರೆ ಕರೆಂಟ್ ಕಡಿಯುವ ರಿಲೇ ಕೆಟ್ಟಿದೆ ಅಂತ ಹೊಸದು ತಂದೆ, ಅದೂ ಹಾಗೇ. ರಿಲೇಯಲ್ಲಿ ಮೂರು ಕಾಲಿರುತ್ತೆ, ಒಂದರಲ್ಲೇ ಕರೆಂಟ್ ಹರಿದರೆ ಫೇಸ್ ಹೋಗಿದೆ ಅಂತ ಅದು ತಿಳಿದುಕೊಳ್ಳುತ್ತೆ. ಅದೇ ವೈರನ್ನು ಮೂರರಲ್ಲೂ ಒಂದರ ಹಿಂದೊಂದು ಸುತ್ತಿಸಿ ತರಬೇಕು. ಇದನ್ನು ಹೇಳಿಕೊಟ್ಟಿದ್ದು ಮೋಟರ್ ಸುತ್ತುವ ಒಬ್ಬ ಹುಡುಗ, ಒಂದು ಪ್ಲೇಟ್ ಗೋಬಿ ಬೆಲೆಗೆ. ವೈರಿಂಗ್ ಮಾತ್ರ ಲೈಸೆನ್ಸ್ ಇದ್ದವರ ಕೈಯಲ್ಲೇ ಮಾಡಿಸಿದೆ, ಅರ್ಥಿಂಗೂ ಹೊಸದಾಗಿ ಹೊಡೆಸಿದೆ.

ಈಗ ರೂಟರ್ ಟೇಬಲಿನ ಕೆಳಗೆ ತಲೆಕೆಳಗಾಗಿ ತೂಗುತ್ತೆ, ತಿರುಗಿ ಕೊರೆಯುವ ಬಿಟ್ ಮಾತ್ರ ಮೇಲೆ. ಅದರ ಸ್ವಂತ ಸ್ವಿಚ್ ಯಾವಾಗಲೂ ಆನ್, ಆಡಿಸುವುದು ನಿಲ್ಲಿಸುವುದು ಡಬ್ಬಿ. ಎರಡೂ ಕೈ ಮರದ ಮೇಲಿರುವಾಗ ಕೆಂಪು ಬಟನ್ ಒತ್ತುವುದು ಹೇಗೆ? ಡಬ್ಬಿಯನ್ನು ಕಂಬದಿಂದ ಇಳಿಸಿ ಟೇಬಲಿನ ಮುಂದೆ ಕೆಳಗೆ ಕೂರಿಸಿ ನೋಡಿದೆ, ಹೊಟ್ಟು ತುಂಬಿತು. ಡಬ್ಬಿಯನ್ನು ವಾಪಸ್ ಕಂಬಕ್ಕೇ ಹಾಕಿ, ಸ್ಟಾಪ್ ಬಟನ್ ಒಂದನ್ನು ಮಾತ್ರ ವೈರ್ ಎಳೆದು ಟೇಬಲಿಗೆ ತಂದೆ. ಅದರ ಮುಂದೆ ಒಂದು ಗೇಣು ಅಗಲದ ಹಲಗೆ, ಮೇಲೆ ಎರಡು ಕೀಲು, ಜೋತು ಬಿದ್ದಿರುತ್ತೆ. ಹಲಗೆಯ ಹಿಂದೆ ಬಟನ್ನಿನ ನೇರಕ್ಕೆ ಒಂದು ರಬ್ಬರ್ ಬಿರಡೆ ಅಂಟಿಸಿದ್ದೇನೆ. ಮೊಣಕಾಲು ತಾಗಿದರೆ ಸಾಕು, ನಿಂತಿತು. ಬಿಟ್ ಪೂರ್ತಿ ನಿಲ್ಲಲು ಇನ್ನೂ ಏಳೆಂಟು ಸೆಕೆಂಡ್ ಬೇಕು, ಅಲ್ಲಿಯ ತನಕ ಕೈ ಹತ್ತಿರ ಹೋಗಬಾರದು ಅನ್ನುವುದು ಬೇರೆ ಮಾತು.

ಟೇಬಲಿನ ಕಥೆ ಬೇರೆ. ರೂಟರ್ ತೂಗುವ ಪ್ಲೇಟಿಗೆ ಮೊದಲು 12 ಮಿ.ಮೀ. ಪ್ಲೈ ಹಾಕಿದೆ, ತಿಂಗಳಲ್ಲಿ ಬಗ್ಗಿತು. ಆಮೇಲೆ ಅಕ್ರಿಲಿಕ್, ಬೋರ್ಡ್ ಬರೆಯುವವರ ಹತ್ತಿರ ಉಳಿದ ತುಂಡು. ಬಿಸಿಗೆ ಅದೂ ಬಾಗಿತು. ಈಗಿರುವುದು 10 ಮಿ.ಮೀ. ಹೈಲಂ ಶೀಟು, ಬೇಕಲೈಟ್ ಥರದ ಗಟ್ಟಿ ಹಾಳೆ, ಕೂದಲೆಳೆಯೂ ಅಲ್ಲಾಡಿಲ್ಲ. ಮೇಲೆ ಮರ ಜಾರಲು ಮೇಣ ಹಚ್ಚುತ್ತೇನೆ. ಮೇಣದ ಜೊತೆ ಇನ್ನೊಂದು ಸೇರಿಸುತ್ತೇನೆ, ಅದು ನಮ್ಮ ಶೆಡ್ಡಿನಲ್ಲೇ ಇರಲಿ.

ಒಂದು ದಿನ ಅವಸರದಲ್ಲಿ ಸಣ್ಣ ಪಟ್ಟಿಯನ್ನು ಫೆನ್ಸಿಗೂ (ಮರ ಒರಗಿಸಿ ತಳ್ಳುವ ಟೇಬಲಿನ ಅಡ್ಡಪಟ್ಟಿ) ಬಿಟ್ಟಿಗೂ ನಡುವೆ ತೂರಿಸಿದೆ. ಮಾಡಬಾರದು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಪಟ್ಟಿ ಬಾಣದಂತೆ ಹೋಗಿ ಮಾಡಿನ ಹಂಚು ಒಡೆದು ಆಚೆ ಬಿತ್ತು. ಹಂಚು ಈಗಲೂ ಬದಲಿಸಿಲ್ಲ, ಅಲ್ಲಿಂದ ಬೀಳುವ ಬಿಸಿಲನ್ನೇ ಹೊಸ ಹುಡುಗರಿಗೆ ತೋರಿಸುತ್ತೇನೆ. ಅದಾದ ಮೇಲೆ ಒಂದು ಮೊಳಕ್ಕಿಂತ ಗಿಡ್ಡ ತುಂಡನ್ನು ಬರಿಗೈಯಲ್ಲಿ ತಳ್ಳುವುದಿಲ್ಲ. ಸ್ಲೆಡ್ ಅನ್ನುವ ಜಾರುಹಲಗೆ ಮೇಲೆ ಕಚ್ಚಿಸಿ, ಹಿಂದೆ ಬೇಡದ ತುಂಡು ಆನಿಸಿ ತಳ್ಳುವುದು. ಮರವನ್ನು ಒತ್ತಿ ಹಿಡಿಯಲು ಫೆನ್ಸಿಗೆ ಎರಡು ಮರದ ಬಾಚಣಿಗೆ ಬಿಗಿದಿದ್ದೇನೆ, ಅಂಗಡಿಯವರು ಫೆದರ್ ಬೋರ್ಡ್ ಅನ್ನುವುದು ಅದಕ್ಕೇ. ನಂದಿ ಮರದಲ್ಲಿ ನಾನೇ ಸೀಳಿದ್ದು, ಒಂದೊಂದು ಹಲ್ಲು ಒಂದು ನೂಲು ದಪ್ಪ, ಅಂದರೆ ಇಂಚಿನ ಎಂಟನೇ ಒಂದು ಭಾಗ.

ಬಾಗಿಲ ಪ್ಯಾನೆಲಿನ ಅಂಚು ಇಳಿಜಾರಾಗಿ ತೆಗೆಯುವ ದೊಡ್ಡ ಪ್ಯಾನೆಲ್ ಬಿಟ್ ವಿಷಯಕ್ಕೆ ಬಂದರೆ ನನಗೆ ಈಗಲೂ ಭಯವೇ. ಮೂರೂಕಾಲು ಇಂಚಿನ ಬಿಟ್ಟನ್ನು ನಿಮಿಷಕ್ಕೆ 28,000 ಸುತ್ತಿನಲ್ಲಿ ಆಡಿಸಿದರೆ ಅದರ ಅಂಚು ಗಂಟೆಗೆ 400 ಕಿ.ಮೀ. ದಾಟುತ್ತೆ, ಲೆಕ್ಕ ಹಾಕಿ ನೋಡಿ. ನಾನು 10,000 ಬಿಟ್ಟು ಮೇಲೆ ಹೋಗುವುದಿಲ್ಲ. ನನ್ನ ಹಳೇ ಮೆಷಿನ್‌ಗೆ ಸ್ಪೀಡ್ ಇಳಿಸುವ ತಿರುಗಣೆ ಇರಲಿಲ್ಲ. ಫ್ಯಾನಿನ ರೆಗ್ಯುಲೇಟರ್ ಹಾಕಿ ನೋಡೋಣ ಅನ್ನಿಸಿತು. ಫ್ಯಾನ್ ನೂರು ವಾಟಿನೊಳಗೆ, ರೂಟರ್ ಸಾವಿರದ ಮೇಲೆ. ಒಂದೂವರೆ ನಿಮಿಷ ಚೆನ್ನಾಗಿ ಓಡಿತು, ಆಮೇಲೆ ಹೊಗೆ. 180 ರೂಪಾಯಿ, ಜೊತೆಗೆ ಮನೆಯವಳ ಕೈಲಿ ಬೈಸಿಕೊಂಡಿದ್ದು. ಕೊನೆಗೆ ತಿರುಗಣೆ ಇರುವ ಮೆಷಿನ್ನೇ ತಂದೆ, ನಾಲ್ಕು ನೂಲಿನ ಶ್ಯಾಂಕ್, ಅಂದರೆ ಬಿಟ್ಟಿನ ಕಾಂಡ, ಹಿಡಿಯುವಂಥದ್ದು. ಒಂದೇ ಏಟಿಗೆ ಪೂರ್ತಿ ತೆಗೆಯುವುದಿಲ್ಲ. ಸಲಕ್ಕೆ ಒಂದು ನೂಲು, ಬಿಟ್ ಎತ್ತುವ ಬದಲು ಫೆನ್ಸ್ ಹಿಂದೆ ಸರಿಸುತ್ತಾ ಹೋಗುವುದು. ಮೊದಲು ಅಡ್ಡ ಎಳೆಯ ಎರಡು ಕಡೆ, ಆಮೇಲೆ ಉದ್ದ. ಹಲಸಾದರೆ ನಾಲ್ಕು ಸಲ, ಸಾಗುವಾನಿಗೆ ಮೂರು ಸಾಕು.

ಬಿಟ್ಟನ್ನು ಕಚ್ಚಿ ಹಿಡಿಯುವ ಕಾಲೆಟ್‌ನಲ್ಲೂ ಒಂದು ಪೆಟ್ಟು ತಿಂದಿದ್ದೇನೆ. 6 ಮಿ.ಮೀ. ಬಿಟ್ಟನ್ನು ಎರಡು ನೂಲಿನ ಕಾಲೆಟ್‌ಗೆ ಹಾಕಿ ಜೋರಾಗಿ ಬಿಗಿದರೆ ಹಿಡಿದಂತೇ ಕಾಣುತ್ತೆ. ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ. ದಾರಂದದಲ್ಲಿ ಕಾಲುವೆಯಂತೆ ಕೊರೆಯುತ್ತಾ ಹೋದ ಹಾಗೆ ಬಿಟ್ ಜಾರಿ, 8 ಮಿ.ಮೀ. ಆಳ ಇರಬೇಕಾದ್ದು ಆಚೆ ತುದಿಗೆ 13 ಆಗಿತ್ತು. ದಾರಂದಕ್ಕೆ ತೇಪೆ ಹಾಕಿ ಬಣ್ಣ ಬಳಿದೆ, ಮನೆಯವರಿಗೆ ಹೇಳಿಯೇ ಬಳಿದೆ.

ಬಿಟ್ ಬದಲಿಸುವಾಗ ಪ್ಲಗ್ ಕೀಳಲೇಬೇಕು. ಇದನ್ನು ಹುಡುಗರಿಗೆ ನೂರು ಸಲ ಹೇಳಿ ಸೋತೆ. ಈಗ ಸ್ಪ್ಯಾನರನ್ನು ಪ್ಲಗ್ಗಿಗೇ ಕಟ್ಟಿದ್ದೇನೆ, ದಾರ ಒಂದೇ ಗೇಣು. ಪ್ಲಗ್ ಕಿತ್ತು ತರದೆ ಸ್ಪ್ಯಾನರ್ ಕಾಲೆಟ್ ಮುಟ್ಟುವುದಿಲ್ಲ. ಕೈಗವಸಿಗೆ ನಮ್ಮಲ್ಲಿ ಅವಕಾಶವಿಲ್ಲ, ಬಿಟ್ ಎಳೆದುಕೊಂಡರೆ ಗವಸಿನ ಜೊತೆ ಕೈಯೂ ಹೋಗುತ್ತೆ. ಹೆಗಲ ಟವೆಲ್ ಗೂಟಕ್ಕೆ. ಒಬ್ಬ ಹುಡುಗನಿಗೆ ಮಣಿಕಟ್ಟಿನಲ್ಲಿ ದೇವರ ದಾರ, ಬಿಚ್ಚು ಅನ್ನಲು ನನಗೂ ಮನಸ್ಸಿಲ್ಲ. ಬಿಗಿಯಾಗಿ ತೋಳಿನ ಮೇಲಕ್ಕೆ ಕಟ್ಟಿಸಿದೆ.

ಹೊಟ್ಟಿಗೆ ಎರಡು ಬಕೆಟ್ಟಿನ ಸೈಕ್ಲೋನ್, ಗಾಳಿ ಸುತ್ತಿಸಿ ಹೊಟ್ಟು ಕೆಳಗೆ ಬೀಳಿಸುವಂಥದ್ದು, ಮಾಡಿ ನೋಡಿದೆ. ದಪ್ಪ ಹೊಟ್ಟು ಕೂರುತ್ತೆ, ನುಣ್ಣನೆಯದು ಇನ್ನೂ ತಪ್ಪಿಸಿಕೊಳ್ಳುತ್ತೆ, ಅದಕ್ಕೇ ಮಾಸ್ಕ್ ಬಿಟ್ಟಿಲ್ಲ. ಬೀಟೆ ಕೊರೆದ ದಿನ ಮೈ ತುರಿಕೆಯೂ ನಿಂತಿಲ್ಲ.

ಮೆಷಿನ್ ಬಿಟ್ಟು ಒಟ್ಟು ಖರ್ಚು ಐದೂವರೆ ಸಾವಿರದ ಹತ್ತಿರ, ಸುಟ್ಟದ್ದು ಬಗ್ಗಿದ್ದು ಸೇರಿದರೆ ಎಂಟು. ಮೊದಲು ಪ್ಯಾನೆಲ್ ಹೊಡೆಸಲು ಪೇಟೆಗೆ ಒಯ್ದು ಒಂದಕ್ಕೆ 120 ಕೊಡುತ್ತಿದ್ದೆ, ಆಟೋ ಬಾಡಿಗೆ ಬೇರೆ. ಒಂದು ವರ್ಷದೊಳಗೇ ಹುಟ್ಟಿತು.

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಹಸಿರು ಬಟನ್ ಎಷ್ಟು ಒತ್ತಿದರೂ ಡಬ್ಬಿ ಏಳಲಿಲ್ಲ. ಕಾಯಿಲ್ ಹೋಯಿತು ಅಂತ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನ ಕಾದೆವು. ಅವನು ಬಂದು ಬಗ್ಗಿ ನೋಡಿ ನಕ್ಕ. ಮಳೆಯ ಥಂಡಿಗೆ ಮೊಣಕಾಲಿನ ಹಲಗೆ ಬಾಗಿ ಕೆಂಪು ಬಟನ್ನನ್ನು ತಾನೇ ಒತ್ತಿ ಹಿಡಿದಿತ್ತು. ಮರದವನ ಶೆಡ್ಡಿನಲ್ಲಿ ಹಸಿ ಹಲಸಿನ ಹಲಗೆ! ಈಗ ಅಲ್ಲಿ ಪ್ಲೈ ಇದೆ.